ಕೋವಿಗಿಂತ ಮೊದಲು ಬೈನಾಕ್ಯುಲರ್: ಇಂಗ್ಲೆಂಡಿನ ಹೊಲದಲ್ಲಿ ಪಾರಿವಾಳದ ಬೇಟೆ ಶುರು ಮಾಡುವುದು ಹೇಗೆ?

ಇಂಗ್ಲೆಂಡಿನ ರೈತರ ಜೊತೆ ಹತ್ತು ನಿಮಿಷ ಬೆಳೆಯ ಬಗ್ಗೆ ಮಾತಾಡಿದರೆ ಸಾಕು, ವುಡ್‌ಪಿಜನ್ ಹೆಸರು ಬಂದೇ ಬರುತ್ತದೆ. ಇದು ಬೆಂಗಳೂರಿನ ಬಾಲ್ಕನಿಗಳಿಗೆ ಬಂದು ಕೂರುವ ಪಾರಿವಾಳ ಅಲ್ಲ. ಅದಕ್ಕಿಂತ ದಪ್ಪ, ಅರ್ಧ ಕಿಲೋ ತೂಗುವ ಕಾಡು ಹಕ್ಕಿ. ಕುತ್ತಿಗೆಯ ಎರಡೂ ಕಡೆ ಬಿಳಿ ಮಚ್ಚೆ, ಹಾರುವಾಗ ರೆಕ್ಕೆಯ ಮೇಲೆ ಎದ್ದು ಕಾಣುವ ಬಿಳಿ ಪಟ್ಟಿ. ಬ್ರಿಟನ್ನಿನಲ್ಲಿ ಸುಮಾರು 50 ಲಕ್ಷ ಜೋಡಿ ಇವೆ. ಚಳಿಗಾಲದಲ್ಲಿ ಸಾಸಿವೆ ಜಾತಿಯ ಎಣ್ಣೆಬೀಜದ ರೇಪ್ ಗಿಡದ ಎಲೆ, ವಸಂತದಲ್ಲಿ ಆಗಷ್ಟೇ ಬಿತ್ತಿದ ಬಟಾಣಿ, ಬೇಸಿಗೆಯಲ್ಲಿ ಮಳೆಗೆ ಮಲಗಿದ ಗೋಧಿ, ಬಾರ್ಲಿ. ವರ್ಷವಿಡೀ ಇವುಗಳಿಗೆ ಹೊಲದಲ್ಲಿ ಊಟ ಇದ್ದೇ ಇರುತ್ತದೆ.

ರೈತರು ಢಂ ಅನ್ನುವ ಗ್ಯಾಸ್ ಗನ್ ಇಡುತ್ತಾರೆ, ಗಿಡುಗನ ಆಕಾರದ ಗಾಳಿಪಟ ಹಾರಿಸುತ್ತಾರೆ. ಒಂದೆರಡು ದಿನ ಹಕ್ಕಿ ಹೆದರುತ್ತದೆ, ಆಮೇಲೆ ಒಗ್ಗಿಹೋಗುತ್ತದೆ. ನಮ್ಮ ಜೋಳದ ಹೊಲದಲ್ಲಿ ಮಂಚಿಕೆ ಹತ್ತಿ ಕವಣೆ ಬೀಸುವ ಹಾಗೆ ದಿನವಿಡೀ ಕಾಯಲು ಅಲ್ಲಿ ಆಳಿಲ್ಲ. ಹೀಗಾಗಿ ಹೊಲದ ಅಂಚಿನಲ್ಲಿ ಮರೆ ಕಟ್ಟಿ, ಮುಂದೆ ಹಕ್ಕಿಯ ಬೊಂಬೆಗಳನ್ನು ಹೂಡಿ, ಇಳಿಯಲು ಬಂದ ಪಾರಿವಾಳವನ್ನು ಹೊಡೆಯುವ ಪದ್ಧತಿ ಬೆಳೆದಿದೆ. ಮರೆಗೆ ಅಲ್ಲಿ ಹೈಡ್ ಅಂತಾರೆ, ಬೊಂಬೆಗೆ ಡಿಕಾಯ್.

ಮುಖ್ಯವಾದ ಮಾತನ್ನು ಈಗಲೇ ಹೇಳಿಬಿಡುತ್ತೇನೆ. ಹೊಸಬರು ಕೋವಿ, ತೋಟೆ, ಬಟ್ಟೆ ಅಂತ ತಲೆ ಕೆಡಿಸಿಕೊಳ್ಳುತ್ತಾರೆ. ನಿಜವಾದ ಕೆಲಸ ನೋಡುವುದು. ಹಕ್ಕಿ ಎಲ್ಲಿಂದ ಬರುತ್ತದೆ, ಎಲ್ಲಿ ಇಳಿಯುತ್ತದೆ, ಯಾಕೆ ಅಲ್ಲೇ ಇಳಿಯುತ್ತದೆ ಎಂದು ತಿಳಿಯದೆ ಕೂತರೆ ಎಂಥ ಒಳ್ಳೆಯ ಕೋವಿ ಇದ್ದರೂ ಸುಮ್ನೆ ಕೂತು ಎದ್ದು ಬರಬೇಕು.

ಮೊದಲು ಕಾನೂನು

ಇದು ಬ್ರಿಟನ್ನಿನಲ್ಲಿ ಇರುವವರಿಗಾಗಿ ಬರೆದದ್ದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ಊರಿಗೆ ಬಂದಾಗ ಕಾಡು ಹಕ್ಕಿಗೆ ಗುರಿ ಇಡುವ ಯೋಚನೆಯೇ ಬೇಡ. ಕೊಡಗಿನವರಿಗೆ ಒಂದು ಮಾತು: ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಕೋವಿ ಪರವಾನಗಿಯಿಂದ ಇರುವ ವಿನಾಯಿತಿ 2029ರವರೆಗೆ ಮುಂದುವರಿದಿದೆ, ನಿಜ. ಅದು ಕೋವಿ ಇಟ್ಟುಕೊಳ್ಳುವುದಕ್ಕೆ ಮಾತ್ರ, ಬೇಟೆಗಲ್ಲ. ಲಂಡನ್ ವಿಮಾನ ಹತ್ತಿದ ಮೇಲಂತೂ ಅದಕ್ಕೆ ಬೆಲೆಯಿಲ್ಲ. ಕೈಲ್‌ಪೊಳ್ದ್ ಹಬ್ಬದಲ್ಲಿ ತೆಂಗಿನಕಾಯಿಗೆ ಈಡು ಹೊಡೆದು ಬಹುಮಾನ ಗೆದ್ದವರೂ ಅಲ್ಲಿ ಮೊದಲ ಮೆಟ್ಟಿಲಿನಿಂದಲೇ ಹತ್ತಬೇಕು.

ಇಂಗ್ಲೆಂಡ್, ವೇಲ್ಸ್, ಸ್ಕಾಟ್ಲೆಂಡಿನಲ್ಲಿ ಆ ಮೊದಲ ಮೆಟ್ಟಿಲು ಶಾಟ್‌ಗನ್ ಸರ್ಟಿಫಿಕೇಟ್. ಪೊಲೀಸರಿಗೆ ಅರ್ಜಿ ಹಾಕಬೇಕು. ನಿಮ್ಮ ವೈದ್ಯರಿಂದ ಆರೋಗ್ಯದ ಮಾಹಿತಿ ಹೋಗುತ್ತದೆ, ನಿಮ್ಮನ್ನು ಬಲ್ಲವರ ಹೇಳಿಕೆ ಬೇಕು, ಅಧಿಕಾರಿ ಮನೆಗೇ ಬಂದು ಮಾತಾಡಿಸಿ ಕೋವಿ ಇಡುವ ಉಕ್ಕಿನ ಕಪಾಟನ್ನು ನೋಡುತ್ತಾರೆ. ಕಪಾಟಿನ ಬೀಗದ ಕೈ ಹೆಂಡತಿ ಮಕ್ಕಳ ಕೈಗೂ ಸಿಗಬಾರದು. ಸರ್ಟಿಫಿಕೇಟ್ 5 ವರ್ಷಕ್ಕೆ. ಬರುವುದಕ್ಕೆ ತಿಂಗಳುಗಟ್ಟಲೆ ಹಿಡಿಯಬಹುದು. ಆ ಸಮಯ ವ್ಯರ್ಥವಲ್ಲ, ಯಾಕೆ ಅಂತ ಮುಂದೆ ಹೇಳುತ್ತೇನೆ.

ಎರಡನೆಯದು ಹಕ್ಕಿಯ ಕಾನೂನು. 1981ರ ವನ್ಯಜೀವಿ ಮತ್ತು ಗ್ರಾಮಾಂತರ ಕಾಯ್ದೆಯ ಪ್ರಕಾರ ಅಲ್ಲಿ ಎಲ್ಲ ಕಾಡು ಹಕ್ಕಿಗಳಿಗೂ ರಕ್ಷಣೆ ಇದೆ, ಪಾರಿವಾಳಕ್ಕೂ. ಬೆಳೆಗೆ ಗಂಭೀರ ಹಾನಿ ತಡೆಯಲು ಮಾತ್ರ ಸಾಮಾನ್ಯ ಪರವಾನಗಿಯ ಅಡಿಯಲ್ಲಿ ಹೊಡೆಯಬಹುದು. ಇಂಗ್ಲೆಂಡಿನಲ್ಲಿ ಅದರ ಹೆಸರು ಜಿಎಲ್ 42. ಅರ್ಜಿ ಹಾಕಬೇಕಿಲ್ಲ, ಆದರೆ ಓದಿರಬೇಕು, ಷರತ್ತುಗಳನ್ನು ಪಾಲಿಸಬೇಕು. ಹೆದರಿಸಿ ಓಡಿಸುವ ದಾರಿಗಳನ್ನು ರೈತ ಪ್ರಯತ್ನಿಸಿರಬೇಕು, ಜಮೀನಿನವರ ಒಪ್ಪಿಗೆ ಇರಬೇಕು. 'ಮೋಜಿಗಾಗಿ ಹೊಡೆದೆ' ಅನ್ನುವುದು ಕಾನೂನಿನ ಕಣ್ಣಲ್ಲಿ ಕಾರಣವೇ ಅಲ್ಲ. ಇದು ಕಾಗದದ ಮಾತು ಅಂದುಕೊಳ್ಳಬೇಡಿ. 2019ರ ಏಪ್ರಿಲ್‌ನಲ್ಲಿ ವೈಲ್ಡ್ ಜಸ್ಟಿಸ್ ಎಂಬ ಸಂಘಟನೆ ಕಾನೂನಿನ ಪ್ರಶ್ನೆ ಎತ್ತಿದಾಗ ಆಗ ಪರವಾನಗಿ ಕೊಡುತ್ತಿದ್ದ ನ್ಯಾಚುರಲ್ ಇಂಗ್ಲೆಂಡ್ ಸಂಸ್ಥೆ ಹಳೆಯ ಪರವಾನಗಿಗಳನ್ನೇ ಹಿಂದಕ್ಕೆ ಪಡೆಯಿತು. ಷರತ್ತುಗಳು ಬದಲಾಗುತ್ತಿರುತ್ತವೆ. ಹೊರಡುವ ಮುಂಚೆ ಸರ್ಕಾರದ ವೆಬ್‌ಸೈಟ್‌ನಲ್ಲಿ ಈಗಿನದನ್ನು ಓದಿ. ಸ್ಕಾಟ್ಲೆಂಡ್, ವೇಲ್ಸ್‌ಗೆ ಬೇರೆ ಪರವಾನಗಿ ಇದೆ.

ಬಿಎಎಸ್‌ಸಿ ಎಂಬ ಬೇಟೆಗಾರರ ಸಂಘ 1908ರಿಂದ ಇದೆ. ಸದಸ್ಯರಾದರೆ ವಿಮೆಯೂ ಸಿಗುತ್ತದೆ. ವಿಮೆ ಇಲ್ಲದವರನ್ನು ಹೊಲಕ್ಕೆ ಬಿಡಲು ರೈತರು ಹಿಂದೆಮುಂದೆ ನೋಡುತ್ತಾರೆ, ಅದು ಸರಿಯೂ ಹೌದು.

ಕಾಯುವ ತಿಂಗಳುಗಳಲ್ಲಿ

ಹತ್ತಿರದ ಕ್ಲೇ ಶೂಟಿಂಗ್ ಮೈದಾನಕ್ಕೆ ಹೋಗಿ. ಮಣ್ಣಿನ ಬಿಲ್ಲೆಯಂಥದ್ದನ್ನು ಯಂತ್ರ ಹಾರಿಸುತ್ತದೆ, ನೀವು ಹೊಡೆಯಬೇಕು. ಕಲಿಸುವವರ ಉಸ್ತುವಾರಿಯಲ್ಲಿ ಮೈದಾನದ ಕೋವಿಯನ್ನೇ ಬಳಸಬಹುದು. ಎದುರಿನಿಂದ ಬರುವ ಮತ್ತು ಅಡ್ಡ ಹಾರುವ ಬಿಲ್ಲೆಗಳನ್ನು ಜಾಸ್ತಿ ಅಭ್ಯಾಸ ಮಾಡಿ, ಹೊಲದಲ್ಲಿ ಬರುವುದು ಅವೇ. ಮರೆಯಲ್ಲಿ ಸ್ಟೂಲಿನ ಮೇಲೆ ಕೂತು ಹೊಡೆಯಬೇಕಾಗುವುದರಿಂದ, ಕಲಿಸುವವರು ಒಪ್ಪಿದರೆ ಕೂತೂ ಹೊಡೆದು ನೋಡಿ. ಬಿಲ್ಲೆಗಳಲ್ಲಿ ಹೆಚ್ಚಿನವು ಒಡೆಯುವಂತಾದ ಮೇಲೆ ಹಕ್ಕಿಯ ಮಾತು. ಗಾಯಗೊಂಡು ಹಾರಿಹೋಗುವ ಹಕ್ಕಿ ಎಲ್ಲೋ ಪೊದೆಯಲ್ಲಿ ನರಳಿ ಸಾಯುತ್ತದೆ. ಅದನ್ನು ತಪ್ಪಿಸುವುದು ನಮ್ಮ ಹೊಣೆ.

ಕೋವಿ ಕೊಳ್ಳುವಾಗ ಜೋಡುನಳಿಗೆಯದೇ ಇರಲಿ. ಮಡಚಿದರೆ ಖಾಲಿಯೋ ತುಂಬಿದೆಯೋ ಎಲ್ಲರಿಗೂ ಕಾಣುತ್ತದೆ. ನಳಿಗೆಯ ಅಳತೆ 12 ಬೋರ್ ಅಥವಾ 20 ಬೋರ್, ತೋಟೆಯಲ್ಲಿ 28ರಿಂದ 30 ಗ್ರಾಂ ಚರೆ (ಸಣ್ಣ ಗುಂಡುಗಳು) ಸಾಕು. 2025ರ ಜುಲೈನಲ್ಲಿ ಬ್ರಿಟನ್ ಸರ್ಕಾರ ಸೀಸದ ಚರೆಯನ್ನು ನಿಲ್ಲಿಸುವುದಾಗಿ ಘೋಷಿಸಿದೆ. ಹೊಸದಾಗಿ ಕೊಳ್ಳುವವರು ಉಕ್ಕಿನ ಚರೆ ತಾಳುವ ಕೋವಿಯನ್ನೇ ಕೇಳಿ. ಹಳೆಯ ಕೋವಿಗಳೆಲ್ಲ ಅದಕ್ಕೆ ಹೊಂದುವುದಿಲ್ಲ.

ರೈತರ ಪರಿಚಯವೂ ಈಗಲೇ ಆಗಲಿ. ಸುಗ್ಗಿಯ ಗಡಿಬಿಡಿಯಲ್ಲಿ ಹೋಗಿ ಬಾಗಿಲು ತಟ್ಟಬೇಡಿ. ಬಿತ್ತನೆಗೆ ಮುಂಚೆ ಹೋಗಿ, ಹೆಸರು ಹೇಳಿ, ವಿಮೆ ತೋರಿಸಿ, ಫೋನ್ ನಂಬರ್ ಕೊಟ್ಟು ಬನ್ನಿ. ಅನುಭವಿಗಳ ಜೊತೆ ಒಂದೆರಡು ದಿನ ಬರಿಗೈಯಲ್ಲಿ ಕೂರಲು ಅವಕಾಶ ಸಿಕ್ಕರೆ ಬಿಡಬೇಡಿ.

ಹಕ್ಕಿ ಬರುವ ದಾರಿ

ಈಗ ಬೈನಾಕ್ಯುಲರ್. ಬೇಟೆಗೆ ಹೋಗುವ ಹಿಂದಿನ ದಿನ, ಸಾಧ್ಯವಾದರೆ ಅದರ ಹಿಂದಿನ ದಿನವೂ ಹೊಲದ ಹತ್ತಿರ ಗಾಡಿ ನಿಲ್ಲಿಸಿ ಒಂದೆರಡು ಗಂಟೆ ನೋಡಿ. ಪಾರಿವಾಳ ಮನಸ್ಸಿಗೆ ಬಂದ ಹಾಗೆ ಹಾರುವುದಿಲ್ಲ. ರಾತ್ರಿ ತಂಗುವ ತೋಪಿನಿಂದ ಮೇವಿನ ಹೊಲಕ್ಕೆ ಅದಕ್ಕೊಂದು ದಾರಿ ಇದೆ. ಬೇಲಿಯ ಸಾಲು, ಒಂಟಿ ಓಕ್ ಮರ, ಕಣಿವೆಯ ಅಂಚು, ಎರಡು ತೋಪುಗಳ ನಡುವಿನ ಸಂದು, ಇವುಗಳನ್ನು ಹಿಡಿದು ಬರುತ್ತದೆ. ಒಂದಾದ ಮೇಲೆ ಒಂದರಂತೆ ಹಕ್ಕಿಗಳು ಒಂದೇ ಜಾಗದ ಮೇಲೆ ಹಾದುಹೋದರೆ ಅದೇ ದಾರಿ. ಅಲ್ಲಿ ಅಲ್ಲಿ ಚದುರಿ ಹಾರುವ ನೂರು ಹಕ್ಕಿಗಿಂತ ಸಾಲಾಗಿ ಬರುವ ಇಪ್ಪತ್ತು ಹಕ್ಕಿ ನಿಮಗೆ ಹೆಚ್ಚು.

ಹೊಲದಲ್ಲೂ ಅವು ಎಲ್ಲೆಂದರಲ್ಲಿ ಇಳಿಯುವುದಿಲ್ಲ. ಗೋಧಿಯಲ್ಲಿ ಪೈರು ಮಲಗಿದ ತೇಪೆಗಳಿಗೆ ಬರುತ್ತವೆ, ನಿಂತ ಪೈರಿನ ಒಳಗೆ ಇಳಿಯಲು ಅವುಗಳಿಗೆ ಆಗದು. ಬಿತ್ತನೆಯ ಹೊಲದಲ್ಲಿ ಯಂತ್ರ ತಿರುಗುವ ಮೂಲೆಗಳಲ್ಲಿ ಕಾಳು ಮೇಲೆ ಚೆಲ್ಲಿರುತ್ತದೆ. ರೇಪ್ ಹೊಲದಲ್ಲಿ ಗಿಡ ತೆಳುವಾಗಿ ಎದ್ದ ಕಡೆ ನೋಡಿ. ಕೊಯ್ಲಾದ ಕೂಳೆಯಲ್ಲಿ ಹೊಸದಾಗಿ ಕೊಯ್ದ ಭಾಗವೇ ಇಷ್ಟ. ಕಾಲಿಟ್ಟು ನೋಡಿದರೆ ಹಿಕ್ಕೆ, ಉದುರಿದ ಪುಕ್ಕ, ಕುಕ್ಕಿ ಹರಿದ ಎಲೆ ಕಾಣುತ್ತವೆ.

ಹೊಡೆದ ಹಕ್ಕಿಯೂ ಪಾಠ ಹೇಳುತ್ತದೆ. ಕತ್ತಿನ ಬುಡದ ಮೇವುಚೀಲ ಬಿಚ್ಚಿ ನೋಡಿ. ಬಾರ್ಲಿ ತಿಂದಿದ್ದರೆ ಕಾಳು ಬಿಗಿಯಾಗಿ ತುಂಬಿ, ಬೆರಳಿಗೆ ಕಾಳುಕಾಳಾಗಿ ಸಿಗುತ್ತದೆ. ನೀವು ಕೂತಿದ್ದು ಬಟಾಣಿ ಹೊಲದಲ್ಲಿ, ಚೀಲದಲ್ಲಿ ಬಾರ್ಲಿ ಇದ್ದರೆ? ಹಕ್ಕಿ ನಿಮ್ಮ ಹೊಲಕ್ಕೆ ಬರುತ್ತಿರಲಿಲ್ಲ, ಪಕ್ಕದ ಹೊಲಕ್ಕೆ ಹೋಗುತ್ತಿತ್ತು. ನಾಳೆ ಎಲ್ಲಿ ಕೂರಬೇಕು ಅಂತ ಗೊತ್ತಾಯಿತಲ್ಲ.

ಮರೆ ಮತ್ತು ಬೊಂಬೆ

ವಿಮಾನದ ಹಾಗೆ ಪಾರಿವಾಳವೂ ಗಾಳಿಗೆ ಎದುರಾಗಿಯೇ ಇಳಿಯುತ್ತದೆ. ಇದೊಂದು ಗೊತ್ತಿದ್ದರೆ ಉಳಿದದ್ದೆಲ್ಲ ಅರ್ಥವಾಗುತ್ತದೆ. ಗಾಳಿ ನಿಮ್ಮ ಬೆನ್ನಿಗಿದ್ದರೆ ಹಕ್ಕಿ ನಿಮ್ಮ ಎದುರಿನಿಂದ, ನಿಮ್ಮ ಕಡೆಗೇ ಇಳಿದು ಬರುತ್ತದೆ. ಹೊಸಬರಿಗೆ ಇದೇ ಸುಲಭ. ಆದರೆ ಹಕ್ಕಿಯ ಕಣ್ಣೂ ನಿಮ್ಮ ಕಡೆಗೇ ಇರುತ್ತದೆ. ಹಾಗಾಗಿ ಅನುಭವಿಗಳು ಗಾಳಿ ಒಂದು ಹೆಗಲಿನ ಕಡೆಯಿಂದ ಬೀಸುವಂತೆ ಕೂರುತ್ತಾರೆ. ಗಾಳಿಯೇ ಇಲ್ಲದ ದಿನ ಹಕ್ಕಿ ಎಲ್ಲಿಂದಲಾದರೂ ಬರುತ್ತದೆ, ಅಂಥ ದಿನ ಕಷ್ಟ.

ಮರೆಗೆ ನಾಲ್ಕೈದು ಕೋಲು, ಗಿಡಗಂಟಿಯ ಬಣ್ಣಕ್ಕೆ ಹೊಂದುವ ಒಂದು ಬಲೆ ಸಾಕು. ಬೇಲಿಗೆ ಒರಗಿಸಿ ಕಟ್ಟಿ. ಹಿಂದೆ ಎಲೆದಟ್ಟಣೆ ಇರಲೇಬೇಕು, ಇಲ್ಲದಿದ್ದರೆ ಆಕಾಶದ ಎದುರು ನಿಮ್ಮ ತಲೆ ಕಪ್ಪಗೆ ಎದ್ದು ಕಾಣುತ್ತದೆ. ಅಲ್ಲಿಯದೇ ಹುಲ್ಲು, ಸೊಪ್ಪನ್ನು ಬಲೆಗೆ ಸಿಕ್ಕಿಸಿ. ಬೇಲಿಯ ಗಿಡ ಕಡಿಯುವ ಮುಂಚೆ ರೈತರನ್ನು ಕೇಳಿ. ಕೂತಾಗ ಬಲೆ ಕಣ್ಣಿನ ಮಟ್ಟಕ್ಕೆ ಬರಲಿ, ನೀವು ಬಲೆಯ ಮೂಲಕ ನೋಡಬೇಕು, ಮೇಲಿನಿಂದ ಇಣುಕಬಾರದು. ಟೋಪಿ, ಮುಖಗವಸು, ಕೈಗವಸು ಹಾಕಿ. ಹಕ್ಕಿಯನ್ನು ಓಡಿಸುವುದು ಬಣ್ಣಕ್ಕಿಂತ ಅಲುಗಾಟ.

ಬೊಂಬೆ ಶುರುವಿಗೆ ಒಂದು ಡಜನ್ ಸಾಕು. ಪ್ಲಾಸ್ಟಿಕ್ಕಿನವು ಮಳೆಗೆ, ಇಬ್ಬನಿಗೆ ಮಿರುಗುತ್ತವೆ, ಮಿರುಗುವ ಹಕ್ಕಿಯನ್ನು ಪಾರಿವಾಳ ನಂಬುವುದಿಲ್ಲ. ಮಖಮಲ್ಲಿನಂಥ ಪುಡಿ ಹಚ್ಚಿದವು ಸ್ವಲ್ಪ ದುಬಾರಿ, ಆದರೂ ಅವನ್ನೇ ಕೊಳ್ಳಿ. ಮರೆಯ ಮುಂದೆ ಕುದುರೆ ಲಾಳದ ಆಕಾರದಲ್ಲಿ ಹೂಡಿ. ಲಾಳದ ತೆರೆದ ಬಾಯಿ ಗಾಳಿ ಹೋಗುವ ಕಡೆ ಇರಲಿ, ಹಕ್ಕಿ ಬರುವುದು ಅಲ್ಲಿಂದಲೇ. ನಡುವಿನ ಖಾಲಿ ಜಾಗ ನಿಮ್ಮಿಂದ 20-25 ಮೀಟರ್ ದೂರದಲ್ಲಿರಲಿ, ಹಕ್ಕಿಗೆ ಇಳಿಯಲು ಬಿಟ್ಟ ಅಂಗಳ ಅದು. ಒಂದು ಬೊಂಬೆಯಿಂದ ಇನ್ನೊಂದಕ್ಕೆ ಎರಡು ಹೆಜ್ಜೆ ಅಂತರ. ತಲೆಗಳು ಹೆಚ್ಚುಕಡಿಮೆ ಗಾಳಿಗೆ ಎದುರಾಗಿರಲಿ, ಆದರೆ ಕವಾಯತಿನ ಸಾಲಿನಂತೆ ಬೇಡ. ಕೊನೆಯ ಬೊಂಬೆಯನ್ನು 30 ಮೀಟರಿಗೆ ಇಡಿ. ಅದರಾಚೆಯ ಹಕ್ಕಿ ನಿಮ್ಮದಲ್ಲ.

ಹೊಡೆದ ಹಕ್ಕಿಗಳನ್ನೂ ಬೊಂಬೆಗಳ ನಡುವೆ ಇಡುತ್ತಾರೆ. ರೆಕ್ಕೆ ಮಡಚಿ, ಹೊಟ್ಟೆ ನೆಲಕ್ಕೆ ತಾಗಿಸಿ, ಗದ್ದದ ಕೆಳಗೆ ಕಡ್ಡಿ ಕೊಟ್ಟು ತಲೆ ನಿಲ್ಲಿಸಬೇಕು. ಅಂಗಾತ ಬಿದ್ದ ಒಂದೇ ಒಂದು ಹಕ್ಕಿ, ಚೆಲ್ಲಿದ ಬಿಳಿ ಪುಕ್ಕ, ಇಷ್ಟು ಸಾಕು ಬರುವ ಗುಂಪು ತಿರುಗಿಹೋಗಲು. ಬ್ಯಾಟರಿಯಿಂದ ತಿರುಗುವ ಕೈಗಳ ಮೇಲೆ ಎರಡು ಹಕ್ಕಿ ಕೂರಿಸುವ ಯಂತ್ರವೂ ಸಿಗುತ್ತದೆ. ದೂರದ ಹಕ್ಕಿಗೆ ರೆಕ್ಕೆಯ ಬಿಳಿ ಪಟ್ಟಿ ಮಿಂಚುತ್ತದೆ. ಅದನ್ನು ಕಂಡು ಬೆದರಿ ತಿರುಗುವ ಹಕ್ಕಿಗಳೂ ಇವೆ. ಎರಡು ಮೂರು ಗುಂಪು ಹಾಗೆ ಮಾಡಿದರೆ ಯಂತ್ರ ನಿಲ್ಲಿಸಿ. ಕೂಗಿನ ರೆಕಾರ್ಡಿಂಗ್ ಹಾಕಿ ಸೆಳೆಯುವುದು, ಜೀವಂತ ಹಕ್ಕಿ ಕಟ್ಟಿಹಾಕುವುದು ಅಪರಾಧ.

ಯಾವಾಗ ಹೊಡೆಯಬೇಕು, ಯಾವುದನ್ನು ಬಿಡಬೇಕು

ದೂರದಲ್ಲಿ ಒಂದು ಚುಕ್ಕಿ. ಬೇಲಿಯ ಮೇಲೆ ಬರುತ್ತದೆ, ಬೊಂಬೆ ನೋಡಿ ಓರೆಯಾಗುತ್ತದೆ. ಇಲ್ಲೇ ಹೊಸಬರು ಎದ್ದುಬಿಡುತ್ತಾರೆ, ಹಕ್ಕಿ ಹೋಗಿಬಿಡುತ್ತದೆ. ಕಾಯಿರಿ. ರೆಕ್ಕೆ ಬಡಿಯುವುದು ನಿಂತು, ರೆಕ್ಕೆ ಬಿಲ್ಲಿನಂತೆ ಬಾಗಿ, ಬಾಲ ಅರಳಿ, ಕೆಂಪು ಕಾಲು ಕೆಳಗಿಳಿದಾಗ ಅದು ಮನಸ್ಸು ಮಾಡಿದೆ ಎಂದರ್ಥ. ಆಗ ನಿಧಾನವಾಗಿ ಕೋವಿ ಎತ್ತಿ.

ಬಿಳಿ ಪಟ್ಟಿ ಕಾಣದಿದ್ದರೆ ಹೊಡೆಯಬೇಡಿ. ಸ್ಟಾಕ್ ಡವ್ ಎಂಬ ಹಕ್ಕಿ ನೋಡಲು ಇದೇ ಥರ, ಗಾತ್ರ ಸ್ವಲ್ಪ ಚಿಕ್ಕದು, ಕುತ್ತಿಗೆಯಲ್ಲೂ ರೆಕ್ಕೆಯಲ್ಲೂ ಬಿಳಿ ಇಲ್ಲ. ಅದಕ್ಕೆ ಪೂರ್ತಿ ರಕ್ಷಣೆ ಇದೆ. ಸಾಕಿದವರ ರೇಸ್ ಪಾರಿವಾಳಗಳೂ ಹೊಲದ ಮೇಲೆ ಹಾದುಹೋಗುತ್ತವೆ. ವುಡ್‌ಪಿಜನ್ ಮರಿಗೆ ಕುತ್ತಿಗೆಯ ಮಚ್ಚೆ ಇರುವುದಿಲ್ಲ, ರೆಕ್ಕೆಯ ಪಟ್ಟಿ ಇರುತ್ತದೆ. ಅದಕ್ಕೇ ರೆಕ್ಕೆ ನೋಡಿ ಅನ್ನುವುದು.

ಇಂಗ್ಲೆಂಡಿನ ಹೊಲಗಳ ನಡುವೆ ಸಾರ್ವಜನಿಕ ಕಾಲುದಾರಿಗಳು ಎಲ್ಲೆಲ್ಲೂ ಇವೆ. ನಕ್ಷೆಯಲ್ಲಿ ಅವನ್ನು ಗುರುತಿಸಿಕೊಂಡೇ ಮರೆಯ ಜಾಗ ಆರಿಸಿ, ಆ ದಿಕ್ಕಿಗೆ ಹೊಡೆಯಲೇಬೇಡಿ. ತಗ್ಗಿನಲ್ಲಿ ಹಾರುವ ಹಕ್ಕಿಯ ಹಿಂದೆ ಏನಿದೆ ಅಂತ ಕಾಣದಿದ್ದರೆ ಬಿಟ್ಟುಬಿಡಿ. ಮರೆಯಿಂದ ಆಚೆ ಕಾಲಿಡುವಾಗ ಕೋವಿ ಖಾಲಿಯಾಗಿರಬೇಕು. ಶುರುವಿನಲ್ಲಿ ಒಂದು ಮರೆಗೆ ಒಂದೇ ಕೋವಿ. ಜೊತೆಗಾರರಿದ್ದರೆ ಸರದಿಯ ಮೇಲೆ ಹೊಡೆಯಿರಿ. ಕಿವಿಗೆ ಮಫ್ ಹಾಕದೆ ಕೂರಬೇಡಿ, ಹೋದ ಕಿವಿ ವಾಪಸ್ ಬರುವುದಿಲ್ಲ.

ಹೊಡೆದ ಮೇಲೆ

ಗಾಯಗೊಂಡು ಬಿದ್ದ ಹಕ್ಕಿಯನ್ನು ತಕ್ಷಣ ಹೋಗಿ ಮುಗಿಸಬೇಕು. ಬರುತ್ತಿರುವ ಗುಂಪು ಹೋದರೆ ಹೋಗಲಿ. ಸತ್ತವನ್ನು ಬಿಡುವು ಸಿಕ್ಕಾಗ ಹೆಕ್ಕಿ ನೆರಳಿನಲ್ಲಿ, ನೊಣ ಕೂರದ ಚೀಲದಲ್ಲಿ ಇಡಿ. ಬೇಸಿಗೆಯಲ್ಲಿ ಒಂದೆರಡು ಗಂಟೆಯಲ್ಲೇ ಮಾಂಸ ಕೆಡಲು ಶುರುವಾಗುತ್ತದೆ. ಖಾಲಿ ತೋಟೆ ಒಂದೂ ಬಿಡದೆ ಆರಿಸಿ, ಕೋಲು ಕಿತ್ತ ಗುಂಡಿ ಮುಚ್ಚಿ. ಸಂಜೆ ರೈತರಿಗೆ ಎಷ್ಟು ಹಕ್ಕಿ, ಎಲ್ಲಿಂದ ಬಂದವು, ಎಲ್ಲಿ ಬೆಳೆ ಹಾಳಾಗಿದೆ ಅಂತ ಹೇಳಿ ಬನ್ನಿ. ಮುಂದಿನ ಸಲ ಅವರೇ ಕರೆಯುತ್ತಾರೆ.

ತಿನ್ನುವುದು ಹೆಚ್ಚಾಗಿ ಎದೆಯ ಮಾಂಸ. ಪುಕ್ಕ ತರಿಯುವ ಕೆಲಸವೇ ಇಲ್ಲ, ಎದೆಯ ಚರ್ಮ ಬಿಡಿಸಿ ಎರಡು ತುಂಡು ಕೊಯ್ದು ತೆಗೆದರಾಯಿತು. ಕಡುಗೆಂಪು ಮಾಂಸ, ಕೊಬ್ಬಿಲ್ಲ. ಬಿಸಿ ಕಾವಲಿಯ ಮೇಲೆ ಹೆಚ್ಚು ಹೊತ್ತು ಬಿಟ್ಟರೆ ಚಪ್ಪಲಿಯಂತಾಗುತ್ತದೆ. ಸಣ್ಣಗೆ ಹೆಚ್ಚಿ ಕರಿಮೆಣಸು, ಕೊತ್ತಂಬರಿ ಬೀಜ, ಸ್ವಲ್ಪ ಕಾಚಂಪುಳಿ (ಕೊಡಗಿನ ಕಪ್ಪು ಹುಳಿ) ಹಾಕಿ ಹುರಿದರೆ ಒಗ್ಗುತ್ತದೆ. ಬೇಯಿಸುವ ಮುಂಚೆ ಬೆರಳಾಡಿಸಿ ಚರೆ ಹುಡುಕಿ ತೆಗೆಯಿರಿ. ಸೀಸದ ಚರೆಯಿಂದ ಹೊಡೆದ ಮಾಂಸವನ್ನು ಕಡಿಮೆ ತಿನ್ನಿ, ಚಿಕ್ಕ ಮಕ್ಕಳು ಮತ್ತು ಬಸುರಿಯರು ಅದರ ಬಗ್ಗೆ ವಿಶೇಷ ಎಚ್ಚರ ವಹಿಸಬೇಕು ಎಂದು ಬ್ರಿಟನ್ನಿನ ಆಹಾರ ಗುಣಮಟ್ಟ ಸಂಸ್ಥೆ ಹೇಳುತ್ತದೆ. ಮನೆಯಲ್ಲಿ ಮಕ್ಕಳಿದ್ದರೆ ಮೊದಲ ದಿನದಿಂದಲೇ ಉಕ್ಕಿನ ತೋಟೆ ಕೊಳ್ಳಿ.