“ಘನತೆಗೆ ಧಕ್ಕೆ ಅಂದ್ರ ಏನ್ರೀ ಸರ್?”

ಏಪ್ರಿಲ್ ತಿಂಗಳು. ಕಲಬುರಗಿಯ ಬಿಸಿಲು ಗೊತ್ತಲ್ಲ. ಅಂಥದ್ದರಲ್ಲಿ ನಮ್ಮ ಕಾಲೇಜಿನ ಹಾಸ್ಟೆಲ್‌ನಲ್ಲಿ ನೀರಿನ ಫಿಲ್ಟರ್ ಕೆಟ್ಟಿತು. ಬಿ.ಎ. ಎರಡನೇ ವರ್ಷದ ಹುಡುಗನೊಬ್ಬ ಕೊಡದ ತಳದಲ್ಲಿ ಕೂತ ಮಣ್ಣಿನ ಫೋಟೊ ತೆಗೆದ, ಕೆಳಗೆ ಎರಡು ಸಾಲು ಬರೆದ, ಗೇಟಿನ ಪಕ್ಕದ ಗೋಡೆಗೆ ಅಂಟಿಸಿದ. ಮರುದಿನ ನನ್ನ ಮೇಜಿನ ಮೇಲೆ ಫೈಲ್ ಬಂತು.

ನಾನು ಶಿಸ್ತು ಸಮಿತಿಯಲ್ಲಿದ್ದೆ. ನೋಟಿಸ್ ಬರೆಯುವ ಕೆಲಸವೂ ನನ್ನದೇ. ಕನ್ನಡ ಮೇಷ್ಟ್ರು ಅಂದಮೇಲೆ ಅರ್ಜಿ, ನೋಟಿಸ್, ವಾರ್ಷಿಕೋತ್ಸವದ ಕಾರ್ಡು ಎಲ್ಲ ನಮ್ಮ ಪಾಲಿಗೇ ಬರುತ್ತವೆ. “ಕಾಲೇಜಿನ ಘನತೆಗೆ ಧಕ್ಕೆ ತಂದಿದ್ದಕ್ಕಾಗಿ ಹದಿನೈದು ದಿನ ಅಮಾನತು” ಅಂತ ಬರೆದೆ. ಹುಡುಗ ಸಹಿ ಹಾಕೋಕೆ ಬಂದವನು ಪೆನ್ನು ಹಿಡಿದುಕೊಂಡೇ ಕೇಳಿದ: “ಸರ್, ಘನತೆಗೆ ಧಕ್ಕೆ ಅಂದ್ರ ಏನ್ರೀ? ನೀರು ಹೊಲಸು ಬಂದಿದ್ದು ಧಕ್ಕೆನೋ, ನಾ ಬರ್ದಿದ್ದು ಧಕ್ಕೆನೋ?”

ತಮಾಷೆಗೆ ಕೇಳಿದ್ದಲ್ಲ. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದ. ನನಗೂ ಗೊತ್ತಿರಲಿಲ್ಲ. ನೋಟಿಸ್ ವಾಪಸ್ ತೆಗೆದುಕೊಂಡು ಡ್ರಾಯರಿನಲ್ಲಿ ಹಾಕಿದೆ. ಪ್ರಿನ್ಸಿಪಾಲರಿಗೆ ವಿಷಯ ಹೇಳಿದಾಗ ಅವರು ಬೈಯಲಿಲ್ಲ. “ಹಂಗಾದ್ರ ಶಿಸ್ತಿನ ನಿಯಮಾನ ನೀವೇ ಹೊಸಾದು ಬರೀರಿ” ಅಂದರು. ಆ ಕೆಲಸಕ್ಕೆ ಒಂಬತ್ತು ತಿಂಗಳು ಹಿಡಿಯಿತು.

ಹಳೆಯ ನಿಯಮ ನಾಲ್ಕು ಪುಟ ಇತ್ತು, ಪೂರ್ತಿ ಇಂಗ್ಲಿಷಿನಲ್ಲಿ. ಯಾರೋ ಯಾವುದೋ ಊರಿನ ಕಾಲೇಜಿನಿಂದ ಎತ್ತಿಕೊಂಡು ಬಂದಿದ್ದು. ಮೂರನೇ ಪುಟದಲ್ಲಿ ಆ ಕಾಲೇಜಿನ ಹೆಸರು ಹಾಗೇ ಉಳಿದಿತ್ತು! ಇಷ್ಟು ವರ್ಷ ಯಾರೂ ಓದಿಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಕಾ? ಚಿಂಚೋಳಿ, ಜೇವರ್ಗಿ, ಅಫಜಲಪುರದ ಕಡೆಯಿಂದ ಕನ್ನಡ ಶಾಲೆಯಲ್ಲಿ ಓದಿ ಬಂದ ಮಕ್ಕಳು ಅಡ್ಮಿಷನ್ ದಿನ ಅದಕ್ಕೆ ಸಹಿ ಹಾಕುತ್ತಿದ್ದರು.

ಮೊದಲು ಸಂವಿಧಾನ ತೆಗೆದು ಕೂತೆ. 19ನೇ ವಿಧಿ ಮಾತಿನ ಸ್ವಾತಂತ್ರ್ಯ ಕೊಡುತ್ತದೆ, ಮುಗಿಯಿತಲ್ಲ ಅಂದುಕೊಂಡಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಈಗ ಇಲ್ಲೇ ವಕೀಲ. ಅವನು ನಕ್ಕ. “ಸರ್, ಅದು ಮುಖ್ಯವಾಗಿ ಸರ್ಕಾರದ ಕೈ ಕಟ್ಟೋದು. ಖಾಸಗಿ ಕಾಲೇಜಿನ ಮೇಲೆ ಸೀದಾ ನಡೆಯೋದಿಲ್ಲ ಅಂತ ಬಹಳ ಕಾಲ ನಂಬಿದ್ರು” ಅಂದ. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ಬಹುಮತದಿಂದ, ಈ ಹಕ್ಕನ್ನು ಸರ್ಕಾರ ಅಲ್ಲದವರ ಮೇಲೂ ಸಾಧಿಸಬಹುದು ಅಂದಿದೆ ಅಂತಲೂ ಹೇಳಿದ. ಆದರೆ ಕೋರ್ಟು ತಡೆಯುತ್ತದೋ ಇಲ್ಲವೋ ಅಂತ ಲೆಕ್ಕ ಹಾಕಿ ನಿಯಮ ಬರೆಯೋದು ನನಗೆ ಸರಿ ಕಾಣಲಿಲ್ಲ. ಮೇಷ್ಟ್ರ ಕೆಲಸ ಅದಲ್ಲ.

ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದ್ದು ಎರಡು ತೀರ್ಪು. ಒಂದು 1986ರದು. ಕೇರಳದ ಮೂವರು ಮಕ್ಕಳು ತಮ್ಮ ಧರ್ಮದ ನಂಬಿಕೆಯಿಂದ ರಾಷ್ಟ್ರಗೀತೆ ಹಾಡದೆ, ಎದ್ದು ಸುಮ್ಮನೆ ನಿಂತಿದ್ದರು. ಶಾಲೆ ಹೊರಗೆ ಹಾಕಿತ್ತು. ವಾಪಸ್ ಸೇರಿಸಿಕೊಳ್ಳಿ ಅಂದಿತು ಸುಪ್ರೀಂ ಕೋರ್ಟ್. ಇನ್ನೊಂದು 2015ರದು, ಆನ್‌ಲೈನ್‌ನಲ್ಲಿ ಬರೆದಿದ್ದಕ್ಕೆ ಜೈಲಿಗೆ ಹಾಕೋಕೆ ಬಿಡುತ್ತಿದ್ದ ಐಟಿ ಕಾಯ್ದೆಯ 66ಎ ಸೆಕ್ಷನ್ ರದ್ದಾದ ತೀರ್ಪು. “ಕಿರಿಕಿರಿ ಉಂಟುಮಾಡುವ” ಅನ್ನೋ ಥರದ ಪದಗಳಿಗೆ ಅಂಚೇ ಇಲ್ಲ, ಯಾರನ್ನು ಬೇಕಾದರೂ ಒಳಗೆ ಎಳೆಯಬಹುದು ಅನ್ನೋದು ಅಲ್ಲಿದ್ದ ಒಂದು ದೊಡ್ಡ ಕಾರಣ. ಚರ್ಚೆ ಮಾಡೋದು, ಒಂದು ವಿಚಾರದ ಪರ ವಾದಿಸೋದು ಬೇರೆ. ಜನರನ್ನು ಕೆರಳಿಸಿ ಗಲಭೆಗೆ ಹಚ್ಚೋದು ಬೇರೆ ಅಂತ ಗೆರೆ ಎಳೆದಿದ್ದೂ ಅಲ್ಲೇ. ನಮ್ಮ “ಘನತೆಗೆ ಧಕ್ಕೆ”ಯೂ 66ಎ ಥರದ್ದೇ, ಅಲ್ವಾ?

ಆಮೇಲೆ ನನಗೆ ನಾನೇ ಒಂದು ಪರೀಕ್ಷೆ ಇಟ್ಟುಕೊಂಡೆ. ಪ್ರತಿ ನಿಯಮಕ್ಕೂ ಮೂರು ಉದಾಹರಣೆ ಬರೆಯಬೇಕು, ಶಿಕ್ಷೆ ಆಗುವಂಥದ್ದು. ಪಕ್ಕದಲ್ಲಿ ಮೂರು, ಶಿಕ್ಷೆ ಆಗದೆ ಇರುವಂಥದ್ದು. ಬರೆಯೋಕೆ ಬರದಿದ್ದರೆ ಆ ನಿಯಮಕ್ಕೆ ಕಾಟು. ಹೀಗೆ ನಾಲ್ಕು ಪುಟ ಒಂದೂವರೆ ಪುಟವಾಯಿತು.

ನಾನೇ ಬಿದ್ದಿದ್ದು “ಅಸಭ್ಯ ಮಾತು” ಅನ್ನೋದರಲ್ಲಿ. ಅದನ್ನು ಬಹಳ ಪ್ರೀತಿಯಿಂದ ಉಳಿಸಿಕೊಂಡಿದ್ದೆ. ಒಂದು ಮಧ್ಯಾಹ್ನ ಕರಡನ್ನು ಕ್ಯಾಂಟೀನಿಗೆ ಒಯ್ದು, ಸುಸಲಾ ತಿನ್ನುತ್ತ ಹುಡುಗರ ಮುಂದೆ ಓದಿದೆ. ಪಕ್ಕದ ಟೇಬಲ್ಲಿನಿಂದ ಒಬ್ಬ “ಏ ಮಗನ, ಬಾರಲೇ ಇಲ್ಲಿ” ಅಂತ ಗೆಳೆಯನನ್ನು ಕರೆದ. ಮೈಸೂರು ಕಡೆಯಿಂದ ಬಂದ ನಮ್ಮ ಇಂಗ್ಲಿಷ್ ಮೇಡಂ ಗಾಬರಿಯಾದರು. ಹುಡುಗರು ನಕ್ಕರು. ನಮ್ಮ ಕಡೆ ಅದು ಪ್ರೀತಿ. ಅವರ ಕಿವಿಗೆ ಬೈಗುಳ. ಇನ್ನು ದಖನಿ ಉರ್ದು ಆಡುವ ಹುಡುಗರ ಮಾತು ತೂಗೋಕೆ ನಾನು ಯಾರು?

ಅವತ್ತೇ “ಅಸಭ್ಯ” ಹೋಯಿತು. ಅದರ ಜಾಗಕ್ಕೆ ಬಂದಿದ್ದು: ಒಬ್ಬ ವ್ಯಕ್ತಿಯನ್ನು ಗುರಿ ಮಾಡಿ ಬೆದರಿಸೋದು, ಬೇಡ ಅಂದಮೇಲೂ ಬೆನ್ನು ಬೀಳೋದು, ಜಾತಿ ಎತ್ತಿ ಅವಮಾನ ಮಾಡೋದು. ಇಲ್ಲಿ ಹೊಸದಾಗಿ ಏನೂ ಕಟ್ಟಬೇಕಾಗಿರಲಿಲ್ಲ. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆಗೆ 1989ರ ಕಾಯ್ದೆ ಇದೆ. ಲೈಂಗಿಕ ಕಿರುಕುಳಕ್ಕೆ 2013ರ ಕಾಯ್ದೆ, 2015ರ ಯುಜಿಸಿ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) ನಿಯಮ ಇವೆ. ಯುಜಿಸಿಯ 2009ರ ರ‍್ಯಾಗಿಂಗ್ ನಿಯಮಕ್ಕೆ 2016ರಲ್ಲಿ ಸೇರಿಸಿದ ಸಾಲಿನಲ್ಲಿ ಜಾತಿ, ಧರ್ಮದ ಜತೆ ಭಾಷೆ, ಹುಟ್ಟಿದ ಊರು ಹಿಡಿದು ಕಾಡೋದೂ ಬರುತ್ತದೆ. ನಾಲ್ಕೈದು ಭಾಷೆ ಒಟ್ಟಿಗೆ ಓಡಾಡುವ ನಮ್ಮ ಜಿಲ್ಲೆಗೆ ಆ ಸಾಲು ಬೇಕಾಗಿತ್ತು.

ಆಡಳಿತ ಮಂಡಳಿಯ ಸಭೆ ಕಷ್ಟದ್ದು. ಕಾರ್ಯದರ್ಶಿಗಳು ನೇರ ಕೇಳಿದರು: “ಮೇಷ್ಟ್ರೇ, ನಾಳೆ ಯಾರರ ಸರ್ಕಾರದ ವಿರುದ್ಧ ಪೋಸ್ಟರ್ ಹಚ್ಚಿದ್ರ? ನಮ್ಮ ವಿರುದ್ಧನೇ ಹಚ್ಚಿದ್ರ?” ಏನು ಬರೆದಿದ್ದಾರೆ ಅಂತ ನೋಡಿ ಅನುಮತಿ ಕೊಟ್ಟರೆ, ಬರೆದಿದ್ದಕ್ಕೆಲ್ಲ ನಾವೇ ಜವಾಬ್ದಾರರಾಗುತ್ತೇವೆ ಅಂದೆ. ಜಾಗ, ಹೊತ್ತು, ಸದ್ದು ಇಷ್ಟನ್ನೇ ಕಟ್ಟೋಣ, ಅದೂ ಎಲ್ಲರಿಗೂ ಒಂದೇ ಅಳತೆ. ಲೈಬ್ರರಿ ಮುಂದಿನ ಬೇವಿನ ಮರದ ಹತ್ತಿರ ಒಂದು ಬೋರ್ಡು; ಅನುಮತಿ ಬೇಡ, ಹೆಸರು ಮತ್ತು ತಾರೀಖು ಇರಬೇಕು, ಹದಿನೈದು ದಿನಕ್ಕೆ ತೆಗೆಯಬೇಕು. ಪಾಠದ ಹೊತ್ತಲ್ಲಿ ಮೈಕ್ ಇಲ್ಲ. ಒಪ್ಪಿದರು, ಪಕ್ಷಗಳ ಬಾವುಟ ಒಳಗೆ ಬರಬಾರದು ಅನ್ನೋ ಸಾಲು ಸೇರಿಸಿಕೊಂಡು. ಅದು ನನಗೆ ಇವತ್ತಿಗೂ ಹಿಡಿಸಿಲ್ಲ. ಹೆಸರು ಬರೆಯಬೇಕು ಅನ್ನೋದು ನನ್ನದೇ ಸಲಹೆ. ಅದರಿಂದ ಹೆಣ್ಣುಮಕ್ಕಳು ಹಿಂಜರಿಯುತ್ತಾರೆ ಅಂತ ಆಮೇಲೆ ತಿಳಿಯಿತು. ಈಗ ಹೆಸರನ್ನು ಲೈಬ್ರರಿ ಮೇಡಂ ಹತ್ತಿರ ಮಾತ್ರ ಬರೆಸಿದರೆ ಸಾಕು.

ಶಿಕ್ಷೆಯ ದಾರಿಯನ್ನೂ ಬದಲಿಸಿದೆವು. ದೂರು ಬರಹದಲ್ಲಿ ಹುಡುಗನ ಕೈಗೆ ಹೋಗಬೇಕು. ಅವನ ಮಾತು ಕೇಳದೆ ಅಮಾನತು ಇಲ್ಲ. ದೂರು ಕೊಟ್ಟವರು ತೀರ್ಮಾನಕ್ಕೆ ಕೂರುವಂತಿಲ್ಲ. ಶಿಕ್ಷೆ ಅನ್ಯಾಯ ಅನ್ನಿಸಿದರೆ ಕುಂದುಕೊರತೆ ಸಮಿತಿಗೆ ಹೋಗಬಹುದು. 2023ರ ಯುಜಿಸಿ ನಿಯಮದಂತೆ ಅದು ಹದಿನೈದು ಕೆಲಸದ ದಿನಗಳಲ್ಲಿ ವರದಿ ಕೊಡಬೇಕು, ಅಲ್ಲೂ ಆಗದಿದ್ದರೆ ವಿದ್ಯಾರ್ಥಿಗಳ ಮೇಲ್ಮನವಿ ಕೇಳುವ ಓಂಬುಡ್ಸ್‌ಪರ್ಸನ್ ಇದ್ದಾರೆ.

ವಾಟ್ಸಾಪ್ ಮಾತ್ರ ಇನ್ನೂ ಗೋಜಲು. ಬೆದರಿಕೆ, ಕಿರುಕುಳ ಬಿಟ್ಟು ಉಳಿದಿದ್ದು ನಮ್ಮ ವ್ಯಾಪ್ತಿ ಅಲ್ಲ ಅಂತ ಬರೆದಿದ್ದೇವೆ. ಆದರೂ ವಾರಕ್ಕೊಬ್ಬರು ಸ್ಕ್ರೀನ್‌ಶಾಟ್ ಹಿಡಿದು ಬರುತ್ತಾರೆ.

ಬೋರ್ಡಿನಲ್ಲಿ ಕ್ರಾಂತಿ ಏನೂ ಆಗಲಿಲ್ಲ. “ರೂಮ್ ಬಾಡಿಗೆಗಿದೆ”, “ಬೈಕ್ ಮಾರಾಟಕ್ಕಿದೆ” ಇವೇ ಜಾಸ್ತಿ. ಹೋದ ಬೇಸಿಗೆಯಲ್ಲಿ ಫಿಲ್ಟರ್ ಮತ್ತೆ ಕೆಟ್ಟಿತು. “ಫಿಲ್ಟರ್ ಕೆಟ್ಟು 3 ದಿನ” ಅಂತ ಒಂದು ಚೀಟಿ ಬಂತು. ಮರುದಿನ ಯಾರೋ 3 ಹೊಡೆದು 4 ಮಾಡಿದ್ದರು. ಪ್ರಿನ್ಸಿಪಾಲರು ದಿನಾ ಅದರ ಮುಂದೆಯೇ ಹಾದು ಹೋಗಬೇಕು. 6 ಆದ ದಿನ ಮಧ್ಯಾಹ್ನ ರಿಪೇರಿಯವನ ಗಾಡಿ ಗೇಟಿನೊಳಗೆ ಬಂತು.