ಡ್ರ್ಯಾಗನ್ ಬಾಲ್ ಎಲ್ಲಿಂದ ಶುರು ಮಾಡಬೇಕು, ಏನು ಬಿಡಬೇಕು

ಜಪಾನಿನ ಕಾರ್ಟೂನ್ ಡ್ರ್ಯಾಗನ್ ಬಾಲ್ ನೋಡಬೇಕು, ಎಲ್ಲಿಂದ ಶುರು ಮಾಡಲಿ ಎಂದು ಕೇಳಿದವರಿಗೆಲ್ಲ ನನ್ನ ಉತ್ತರ ಒಂದೇ. 1986ರಲ್ಲಿ ಬಂದ ಮೊದಲ ಸರಣಿಯ ಮೊದಲ ಎಪಿಸೋಡ್. ಆಮೇಲಿನ ಸರಣಿ ಝಡ್ ಅಲ್ಲ. ಸೂಪರ್ ಅಂತೂ ಅಲ್ಲವೇ ಅಲ್ಲ.

ಈ ಮಾತಿಗೆ ಮುಖ ಸಿಂಡರಿಸುವವರೇ ಜಾಸ್ತಿ. ನನ್ನ ವಯಸ್ಸಿನವರಲ್ಲಿ ಬಹಳ ಜನ ಸ್ಕೂಲಿಂದ ಬಂದು ಬ್ಯಾಗ್ ಎಸೆದು ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ನೋಡಿದ್ದು ಝಡ್. ಅವರ ಲೆಕ್ಕದಲ್ಲಿ ಅದೇ ಅಸಲಿ, ಮೊದಲ ಸರಣಿಯ ಬಾಲದ ಹುಡುಗನ ಕತೆ ಚಿಕ್ಕ ಮಕ್ಕಳದ್ದು. ಆದರೆ ಅಕಿರಾ ತೊರಿಯಾಮ ಬರೆದದ್ದು ಒಂದೇ ಕತೆ. 1984ರಿಂದ 1995ರವರೆಗೆ ಜಪಾನಿನ ‘ವೀಕ್ಲಿ ಶೋನೆನ್ ಜಂಪ್’ ಪತ್ರಿಕೆಯಲ್ಲಿ ವಾರವಾರ ಬಂದ 519 ಅಧ್ಯಾಯ, ಪುಸ್ತಕವಾದಾಗ 42 ಸಂಪುಟ. ಮಾಂಗಾದಲ್ಲಿ, ಅಂದರೆ ಆ ಚಿತ್ರಕತೆಯಲ್ಲಿ, ಝಡ್ ಅಂತ ಬೇರೆ ಕತೆಯೇ ಇರಲಿಲ್ಲ. ಟಿವಿಗೆ ತಂದ ತೋಯೆ ಅನಿಮೇಷನ್‌ನವರು ಹೀರೋ ಗೋಕು ದೊಡ್ಡವನಾದ ಮೇಲಿನ ಭಾಗಕ್ಕೆ ಆ ಹೆಸರಿಟ್ಟರು. ಝಡ್ ಶುರುವಾಗುವುದು 195ನೇ ಅಧ್ಯಾಯದಿಂದ. ಅಂದರೆ ಝಡ್‌ನಿಂದ ಹೊರಟವರು 194 ಅಧ್ಯಾಯ ಹಾರಿಸಿ ಒಳಗೆ ಬಂದ ಹಾಗೆ.

ಹಾರಿಸಿದರೆ ಏನು ನಷ್ಟ? ಈ ಕತೆಯಲ್ಲಿ ವಿಲನ್‌ಗಳು ಸೋತು ಮಾಯವಾಗುವುದು ಕಡಿಮೆ. ಸೋತವರು ಉಳಿದುಕೊಳ್ಳುತ್ತಾರೆ, ಮುಂದಿನ ವಿಲನ್ ಬಂದಾಗ ಗೋಕು ಪಕ್ಕ ನಿಲ್ಲುತ್ತಾರೆ. ಯಾಮ್ಚಾ ಮೊದಲು ಮರುಭೂಮಿಯಲ್ಲಿ ದರೋಡೆ ಮಾಡುತ್ತಿದ್ದವನು. ಮೂರು ಕಣ್ಣಿನ ಟಿಯೆನ್ ಪಂದ್ಯದಲ್ಲಿ ಅದೇ ಯಾಮ್ಚಾನ ಕಾಲು ಮುರಿದವನು. ಪಿಕೊಲೊ ಗೋಕುವನ್ನು ಕೊಲ್ಲಲೆಂದೇ ಹುಟ್ಟಿದವನು. ಇವರನ್ನು ವಿಲನ್ ಆಗಿ ನೋಡಿ, ಒಂದಷ್ಟು ದಿನ ಬೈದುಕೊಂಡು, ಆಮೇಲೆ ಒಳ್ಳೆಯವರಾಗಿ ನೋಡಿದರೆ ಮಾತ್ರ ಅದರ ರುಚಿ. ಬೈಯದೆ ಇದ್ದವರಿಗೆ ಅವರೆಲ್ಲ ಸುಮ್ನೆ ಹೀರೋ ಹಿಂದೆ ನಿಂತ ಗುಂಪು.

ಒಂದು ಉದಾಹರಣೆ ಕೊಡುತ್ತೇನೆ. ಗೋಕುವಿನ ಮಗನ ಹೆಸರು ಗೋಹಾನ್. ಅದು ಗೋಕುವನ್ನು ಸಾಕಿದ ತಾತನ ಹೆಸರು. ಹುಣ್ಣಿಮೆ ಚಂದ್ರನನ್ನು ನೋಡಿದರೆ ಗೋಕು ದೈತ್ಯ ಕೋತಿಯಾಗುತ್ತಾನೆ, ಹಾಗೆ ಆದದ್ದು ಅವನಿಗೆ ನೆನಪೇ ಇರುವುದಿಲ್ಲ. ತಾತ ಸತ್ತದ್ದು ಆ ಕೋತಿಯ ಕಾಲಡಿ. ಇದು ಉಳಿದವರಿಗೆ ಗೊತ್ತು, ನಮಗೂ ಗೊತ್ತು, ಗೋಕುವಿಗೆ ಗೊತ್ತಿಲ್ಲ. ಮುಂದೆ ಬಾಬಾ ಅನ್ನುವ ಮುದುಕಿ ಒಂದೇ ಒಂದು ದಿನಕ್ಕೆ ತಾತನನ್ನು ಸತ್ತವರ ಲೋಕದಿಂದ ಕರೆಸುತ್ತಾಳೆ. ಮುಖವಾಡ ಹಾಕಿಕೊಂಡು ಬಂದ ತಾತ ಮೊಮ್ಮಗನ ಜೊತೆ ಕುಸ್ತಿಗೆ ನಿಲ್ಲುತ್ತಾನೆ. ಮುಖವಾಡ ತೆಗೆದಾಗ ಗೋಕು ಓಡಿಹೋಗಿ ತಬ್ಬಿಕೊಂಡು ಅಳುತ್ತಾನೆ. ಝಡ್‌ನ ಶುರುವಿನಲ್ಲಿ ಗೋಕು ಪುಟ್ಟ ಮಗನನ್ನು ಎತ್ತಿಕೊಂಡು ಬಂದು ‘ಇವನ ಹೆಸರು ಗೋಹಾನ್’ ಅನ್ನುವಾಗ ಇದೆಲ್ಲ ನಿಮ್ಮ ತಲೆಯಲ್ಲಿರಬೇಕು.

ಮೊದಲ ಸರಣಿ 153 ಎಪಿಸೋಡ್. ಮಕ್ಕಳ ಜೊತೆ ನೋಡುವವರಿಗೆ ಒಂದು ಎಚ್ಚರಿಕೆ: ಶುರುವಿನ ಎಪಿಸೋಡ್‌ಗಳಲ್ಲಿ ಪೋಲಿ ತಮಾಷೆ ಇದೆ, ಅದೂ ಸ್ವಲ್ಪ ಅಲ್ಲ. ಆಮೆ ಗುರು ರೋಶಿ ದೊಡ್ಡ ಗುರುವೂ ಹೌದು, ಹೆಂಗಸರನ್ನು ಕಂಡರೆ ಜೊಲ್ಲು ಸುರಿಸುವ ಮುದುಕನೂ ಹೌದು. ಏಳು ಡ್ರ್ಯಾಗನ್ ಬಾಲ್ ಸೇರಿಸಿ ಕರೆದ ದೇವನಾಗನ ಹತ್ತಿರ ಮೊದಲ ವರ ಕೇಳುವ ಹಂದಿ ಏನು ಕೇಳುತ್ತದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ನಾನು ಅಣ್ಣನ ಮಗಳ ಜೊತೆ ನೋಡುವವನು, ಅವಳಿಗೆ ಹನ್ನೆರಡು ವರ್ಷ. ಮೊದಲ 13 ಎಪಿಸೋಡನ್ನು ಹಿಂದಿನ ರಾತ್ರಿ ನಾನೊಬ್ಬನೇ ನೋಡಿಕೊಂಡು, ಎಲ್ಲಿ ಹಾರಿಸಬೇಕು ಅಂತ ನಿಮಿಷ ಗುರುತು ಹಾಕಿಟ್ಟುಕೊಂಡೆ. ನೀವೂ ಹಾಗೇ ಮಾಡಿ. ಆಗ ರಿಮೋಟ್ ಹುಡುಕಾಡುವ ಪಾಡು ಇರುವುದಿಲ್ಲ.

14ರಿಂದ ಹಿಡಿತ ಸಿಗುತ್ತದೆ. ಗೋಕು, ಕ್ರಿಲಿನ್ ಇಬ್ಬರೂ ರೋಶಿ ಹತ್ತಿರ ಕಲಿಯಲು ಸೇರುತ್ತಾರೆ. ಕಲಿಯುವುದು ಏನು? ಬೆಳಗ್ಗೆ ಎದ್ದು ಮನೆಮನೆಗೆ ಹಾಲು ಹಾಕುವುದು. ಬರಿಗೈಯಲ್ಲಿ ಹೊಲ ಅಗೆಯುವುದು. ಬೆನ್ನಿಗೆ 20 ಕಿಲೋ ಆಮೆ ಚಿಪ್ಪು ಕಟ್ಟಿಕೊಂಡು ಓಡಾಡುವುದು. ಒಂದು ಹೊಡೆತವನ್ನೂ ಹೇಳಿಕೊಡುವುದಿಲ್ಲ. ತಿಂಗಳುಗಟ್ಟಲೆ ಕಳೆದ ಮೇಲೆ ಚಿಪ್ಪು ಬಿಚ್ಚಿ ನೆಗೆಯಿರಿ ಅನ್ನುತ್ತಾನೆ. ಇಬ್ಬರೂ ಎಷ್ಟು ಮೇಲೆ ಹೋಗುತ್ತಾರೆ ಅಂದರೆ ಅವರಿಗೇ ಗಾಬರಿ. ಝಡ್‌ನಲ್ಲಿ ಶಕ್ತಿ ಕ್ಷಣಕ್ಕೊಂದು ಹೊಸ ರೂಪದಲ್ಲಿ ಬರುತ್ತದೆ. ಇಲ್ಲಿ ಅದು ಬೆವರಿನಿಂದ ಬರುತ್ತದೆ. ನನಗೆ ಇದೇ ಹೆಚ್ಚು ಇಷ್ಟ.

ಪಂದ್ಯಗಳನ್ನು ಮಾತ್ರ ತಪ್ಪಿಸಬೇಡಿ. ಕಣದಿಂದ ಹೊರಗೆ ನೆಲ ಮುಟ್ಟಿದರೆ ಸೋಲು, ಅದೇ ಮುಖ್ಯ ನಿಯಮ. ಮಕ್ಕಳಿಗೆ ಇದೊಂದು ಹೇಳಿದರೆ ಸಾಕು, ಮಿಕ್ಕದ್ದು ಅವರೇ ಹಿಡಿಯುತ್ತಾರೆ. ಗೋಕು ಭಾಗವಹಿಸುವ ಮೊದಲ ಎರಡು ಪಂದ್ಯದಲ್ಲೂ ಫೈನಲ್ ತನಕ ಬಂದು ಸೋಲುತ್ತಾನೆ. ಎರಡನೇ ಸಲವಂತೂ ಬೀಳುವಾಗ ಒಂದು ಲಾರಿ ಅಡ್ಡ ಬಂದು, ಕೂದಲೆಳೆ ಅಂತರದಲ್ಲಿ. ಹೀರೋ ಸೋಲುವುದನ್ನು ಹೀಗೆ ತೋರಿಸುವ ಧೈರ್ಯ ಎಷ್ಟು ಜನಕ್ಕಿದೆ?

102ರಿಂದ 122ರವರೆಗೆ ದೊಡ್ಡ ಪಿಕೊಲೊನ ಕತೆ, ಅಂದರೆ ಮೇಲೆ ಹೇಳಿದ ಪಿಕೊಲೊನ ಅಪ್ಪನದು. ಅಲ್ಲಿಂದ ಸರಣಿಯ ಬಣ್ಣವೇ ಬದಲು. ನಿಮಗೆ ಪ್ರಿಯವಾದವರು ನಿಜವಾಗಲೂ ಸಾಯಲು ಶುರು. ಕೊನೆಯ ಐದು ಎಪಿಸೋಡ್ ಗೋಕುವಿನ ಮದುವೆ ಗಲಾಟೆ, ಮಾಂಗಾದಲ್ಲಿ ಇಲ್ಲದ್ದು. ಟೈಮ್ ಇಲ್ಲದಿದ್ದರೆ ಬಿಡಬಹುದು.

ಈಗ ಭಾಷೆ ವಿಷಯ. ನಾನು ಹೇಳುವುದು ಜಪಾನಿ ಧ್ವನಿ, ಇಂಗ್ಲಿಷ್ ಸಬ್‌ಟೈಟಲ್. ಗೋಕುವಿಗೆ ಧ್ವನಿ ಕೊಟ್ಟ ಮಸಾಕೊ ನೊಜಾವ ಹುಟ್ಟಿದ್ದು 1936ರಲ್ಲಿ. ಚಿಕ್ಕ ಗೋಕು, ದೊಡ್ಡ ಗೋಕು, ಮಗ ಗೋಹಾನ್, ಎರಡನೇ ಮಗ ಗೋಟೆನ್, ಎಲ್ಲ ಅವರೇ. ಅಪ್ಪ ಮಗ ಮಾತಾಡುವಾಗ ಕಣ್ಣು ಮುಚ್ಚಿ ಕೇಳಿ. ಒಬ್ಬರೇ ಅಂತ ಅನಿಸುವುದೇ ಇಲ್ಲ. ಹಳೇ ಅಮೆರಿಕನ್ ಡಬ್ಬಿಂಗ್‌ನಲ್ಲಿ ಮಕ್ಕಳು ಹೆದರುತ್ತಾರೆ ಅಂತ ಸಾವನ್ನೇ ಸಾವು ಅನ್ನಲಿಲ್ಲ, ‘ಬೇರೆ ಲೋಕಕ್ಕೆ ಹೋದರು’ ಅಂದುಬಿಟ್ಟರು. ನರಕದ ಕಾವಲುಗಾರರ ಬನಿಯನ್ ಮೇಲಿದ್ದ ‘ಹೆಲ್’ ಅಕ್ಷರವನ್ನೂ ತಿದ್ದಿದರು. ಡಬ್ಬಿಂಗೇ ಬೇಕು ಅನ್ನುವವರು ಆಮೇಲೆ ಬಂದ, ಕತ್ತರಿ ಹಾಕದ ಆವೃತ್ತಿ ಹುಡುಕಿ.

ನಮ್ಮ ಮನೆಯಲ್ಲಿ ಅಮ್ಮ ಅವರೆಕಾಯಿ ಬಿಡಿಸುತ್ತಾ ಪಕ್ಕದಲ್ಲಿ ಕೂತಿರುತ್ತಾರೆ. ಅವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಸಬ್‌ಟೈಟಲನ್ನು ಕನ್ನಡ ಮಾಡಿ ಹೇಳುವ ಕೆಲಸ ಮೊಮ್ಮಗಳದ್ದು. ‘ಅಜ್ಜಿ, ಇವನು ಈಗ ನಿನ್ನ ಮುಗಿಸ್ತೀನಿ ಅಂದ’ ಅಂತ ಅವಳು ಹೇಳಿದರೆ ಅಮ್ಮ, ‘ಆಗಿಂದ ಅದೇ ಹೇಳ್ತಾವ್ನಲ್ಲ, ಹೊಡಿಯೋದು ಯಾವಾಗಂತೆ?’ ಅನ್ನುತ್ತಾರೆ. ಉತ್ತರ ಕೊಡುವುದು ಕಷ್ಟ. ಆದರೆ ನಮ್ಮ ತುಮಕೂರು ಕಡೆಯ ಕುರುಕ್ಷೇತ್ರ ನಾಟಕ ನೋಡಿದವರಿಗೆ ಇದು ಹೊಸದಲ್ಲ. ದುರ್ಯೋಧನ ಗದೆ ಎತ್ತುವ ಮೊದಲು ಹಾರ್ಮೋನಿಯಂ ಜೊತೆ ಎಷ್ಟು ಹೊತ್ತು ಹಾಡುತ್ತಾನೋ, ಝಡ್‌ನ ವಿಲನ್ ಫ್ರೀಜಾ ಅಷ್ಟೇ ಹೊತ್ತು ಮಾತಾಡುತ್ತಾನೆ. ಆ ತಾಳ್ಮೆ ತಂದುಕೊಂಡರೆ ಅರ್ಧ ಗೆದ್ದ ಹಾಗೆ.

ಮುಂದಿನದು ಝಡ್. ಇಲ್ಲಿ ಎರಡು ದಾರಿ. 1989ರಿಂದ 1996ರವರೆಗೆ ಬಂದ ಮೂಲ ಝಡ್ 291 ಎಪಿಸೋಡ್. ಮಾಂಗಾ ವಾರಕ್ಕೊಂದು ಅಧ್ಯಾಯ ಬರುತ್ತಿತ್ತು, ಟಿವಿಯವರು ಅದರ ಬೆನ್ನಿಗೇ ಬಂದುಬಿಡುತ್ತಿದ್ದರು. ಕತೆ ಮುಗಿದುಹೋಗಬಾರದಲ್ಲ, ಅದಕ್ಕೆ ಎಳೆದರು. ನಾಮೆಕ್ ಗ್ರಹ ಇನ್ನು ಐದು ನಿಮಿಷದಲ್ಲಿ ಸಿಡಿಯುತ್ತದೆ ಎಂದು ಫ್ರೀಜಾ ಹೇಳಿದ ಮೇಲೆ ಆ ಐದು ನಿಮಿಷ ಹತ್ತರ ಹತ್ತಿರ ಎಪಿಸೋಡ್ ನಡೆಯುತ್ತದೆ. ಇನ್ನೊಂದು ದಾರಿ ಕಾಯ್. 2009ರಲ್ಲಿ ತೋಯೆಯವರೇ ಝಡ್ ಅನ್ನು ಮಾಂಗಾಗೆ ಹತ್ತಿರ ಇರುವಂತೆ ಕತ್ತರಿಸಿ ತಂದದ್ದು. ಝಡ್‌ನಲ್ಲಿ 194 ಎಪಿಸೋಡ್ ಹಿಡಿದ ಕತೆ ಕಾಯ್‌ನಲ್ಲಿ 97ಕ್ಕೆ ಮುಗಿದು ಪ್ರಸಾರವಾಯಿತು. ಅಂದರೆ ಸರಿಯಾಗಿ ಅರ್ಧ.

ಮಕ್ಕಳ ಜೊತೆ, ಕೆಲಸದ ನಡುವೆ ನೋಡುವವರಿಗೆ ಕಾಯ್ ಸಾಕು. ನಾವು ನೋಡಿದ್ದೂ ಅದನ್ನೇ. ಮೂಲ ಝಡ್ಡೇ ಬೇಕು ಅನ್ನುವವರು 108ರಿಂದ 117ರ ಗಾರ್ಲಿಕ್ ಜೂನಿಯರ್ ಭಾಗ, 195ರಿಂದ 199ರ ಪರಲೋಕದ ಪಂದ್ಯ ಬಿಟ್ಟುಬಿಡಿ, ಕತೆಗೆ ಏನೂ ಆಗುವುದಿಲ್ಲ. ಆದರೆ 125 ಮಾತ್ರ ನೋಡಿ. ಗೋಕು, ಪಿಕೊಲೊ ಇಬ್ಬರೂ ಡ್ರೈವಿಂಗ್ ಕಲಿಯಲು ಹೋಗುವ ಎಪಿಸೋಡ್ ಅದು. ಮಾಂಗಾದಲ್ಲಿ ಇಲ್ಲ, ಕಾಯ್‌ನಲ್ಲೂ ಇಲ್ಲ. ಗ್ರಹ ಸಿಡಿಸುವ ಶಕ್ತಿ ಇರುವವರು ಕ್ಲಚ್ ಜೊತೆ ಒದ್ದಾಡುವುದನ್ನು ನೋಡಿ ನಮ್ಮ ಹುಡುಗಿ ಸೋಫಾದಿಂದ ಕೆಳಗೆ ಬಿದ್ದಳು.

ಮೂಲ ಝಡ್ ನೋಡುವವರಿಗೆ ಇನ್ನೊಂದು ಮಾತು. ಎಪಿಸೋಡ್ ಹೆಸರನ್ನು ಓದಬೇಡಿ, ಕೊನೆಯ ‘ಮುಂದಿನ ವಾರ’ ತುಣುಕನ್ನೂ ನೋಡಬೇಡಿ. ಜಪಾನಿನಲ್ಲಿ ಗುಟ್ಟನ್ನೆಲ್ಲ ಹೆಸರಲ್ಲೇ ಹೇಳಿಬಿಡುತ್ತಿದ್ದರು. 28ನೇ ಎಪಿಸೋಡಿನ ಹೆಸರಲ್ಲೇ ಪಿಕೊಲೊ ಸತ್ತ ಅಂತ ಇದೆ! ಗುಟ್ಟು ಅವರೇ ಬಿಟ್ಟುಕೊಟ್ಟ ಮೇಲೆ ನಾನು ಹೇಳಿದರೂ ತಪ್ಪಿಲ್ಲ. ಪಿಕೊಲೊ ಪುಟ್ಟ ಗೋಹಾನ್‌ನನ್ನು ಎತ್ತಿಕೊಂಡು ಹೋಗಿ ಕಾಡಿನಲ್ಲಿ ಬಿಟ್ಟು ಯುದ್ಧ ಕಲಿಸುತ್ತಾನೆ. ಶತ್ರುವಿನ ಮಗ, ಪ್ರೀತಿಯಿಂದ ಏನಲ್ಲ, ತನ್ನ ಕೆಲಸಕ್ಕೆ ಬೇಕು ಅಂತ. ಕೊನೆಗೆ ನಾಪ್ಪಾ ಅನ್ನುವ ವಿಲನ್ ಹುಡುಗನ ಕಡೆ ಬೆಂಕಿ ಎಸೆದಾಗ ಪಿಕೊಲೊ ಎರಡೂ ಕೈ ಚಾಚಿ ಅಡ್ಡ ನಿಲ್ಲುತ್ತಾನೆ. ಬಟ್ಟೆ ಸುಡುತ್ತದೆ, ಮೈ ಸುಡುತ್ತದೆ, ಕೈ ಇಳಿಸುವುದಿಲ್ಲ. ತನ್ನನ್ನು ಮನುಷ್ಯನ ಹಾಗೆ ಮಾತಾಡಿಸಿದ್ದು ನೀನೊಬ್ಬನೇ ಅನ್ನುವ ಅರ್ಥದ ಮಾತು ಹೇಳಿ ಬೀಳುತ್ತಾನೆ. ಮೊದಲ ಸರಣಿಯಲ್ಲಿ ಅವನು ಏನೆಲ್ಲ ಮಾಡಿದ್ದ ಎಂದು ನೋಡಿದವರಿಗೆ ಈ ಎರಡು ನಿಮಿಷ ಬೇರೆಯೇ. ಅವತ್ತು ಅಮ್ಮನೂ ಏನೂ ಕೇಳಲಿಲ್ಲ.

ಫ್ರೀಜಾ ಬಂದಾಗ ಅವನ ದನಿಯನ್ನು ಗಮನಿಸಿ. ಕಿರುಚುವುದಿಲ್ಲ. ತುಂಬಾ ಮರ್ಯಾದೆಯಿಂದ, ನಯವಾಗಿ ಮಾತಾಡುತ್ತಾನೆ. ಗ್ರಹಗಳನ್ನು ಖಾಲಿ ಮಾಡಿಸಿ ಮಾರುವುದು ಅವನ ವ್ಯಾಪಾರ. ಆ ಕಾಲಕ್ಕೆ ಜಪಾನಿನಲ್ಲಿ ಜಮೀನಿನ ಬೆಲೆ ಏರಿಸಿ ದುಡ್ಡು ಮಾಡುತ್ತಿದ್ದ ದಲ್ಲಾಳಿಗಳನ್ನು ನೆನೆದು ಅವನನ್ನು ಬರೆದೆ ಎಂದು ತೊರಿಯಾಮ ಹೇಳಿದ್ದಾರೆ. ಬೆಂಗಳೂರು ಸುತ್ತ ಸೈಟು ಹುಡುಕಿದವರಿಗೆ ಫ್ರೀಜಾ ಬೇಗ ಅರ್ಥವಾಗುತ್ತಾನೆ. ಇಲ್ಲೇ ಗೋಕುವಿನ ಕೂದಲು ಚಿನ್ನದ ಬಣ್ಣಕ್ಕೆ ತಿರುಗುವುದು. ಮಾಂಗಾ ಕಪ್ಪುಬಿಳುಪು. ಕೂದಲಿಗೆ ಮಸಿ ತುಂಬುವ ಕೆಲಸ ಉಳಿಯಲಿ ಅನ್ನುವುದೂ ಅದಕ್ಕೆ ಒಂದು ಕಾರಣವಂತೆ.

ಆಮೇಲಿನ ಆಂಡ್ರಾಯ್ಡ್, ಅಂದರೆ ನಂಬರೇ ಹೆಸರಾದ ಯಂತ್ರಮಾನವರ ಭಾಗದಲ್ಲಿ ನಿಜವಾದ ವಿಲನ್ ಯಾರು ಅಂತ ತಲೆ ಕೆಟ್ಟರೆ ಗಾಬರಿಯಾಗಬೇಡಿ. 19, 20 ಬಂದರು, ಇವರಲ್ಲ ಅಂತಾಯಿತು. 17, 18 ಬಂದರು, ಇವರೂ ಅಲ್ಲ. ಕೊನೆಗೆ ಸೆಲ್. ತೊರಿಯಾಮನ ಹಳೇ ಸಂಪಾದಕ ತೊರಿಶಿಮ, ಒಬ್ಬ ಮುದುಕ ಒಬ್ಬ ಡುಮ್ಮ, ಇವರೇನಾ ವಿಲನ್‌ಗಳು ಅಂತ ಗೊಣಗಿದರು. ಹೊಸಬರನ್ನು ತಂದರೆ, ಇವರು ಬರೀ ಹುಡುಗರು ಅಂದರು. ವಾರವಾರ ಬರೆಯುತ್ತಲೇ ಕತೆ ತಿರುಗಿದ್ದು ಹೀಗೆ. ಇದು ಗೊತ್ತಿದ್ದು ನೋಡಿದರೆ ಗೊಂದಲವೇ ಮಜಾ ಕೊಡುತ್ತದೆ.

ಝಡ್‌ನ ಕೊನೆಯ ವಿಲನ್ ಬೂ ಬರುವ ಭಾಗ ಉದ್ದ ಜಾಸ್ತಿ, ತಮಾಷೆ ಜಾಸ್ತಿ, ನಡುವೆ ಜಾಳು ಜಾಳು. ಆದರೂ 237 ಬರುವವರೆಗೆ ಬಿಡಬೇಡಿ. ಅದು ವೆಜೀಟಾನದು. ಭೂಮಿಯನ್ನು ನಾಶ ಮಾಡಲು ಬಂದವನು ಮಗನನ್ನು ಮೊದಲ ಸಲ ತಬ್ಬಿಕೊಳ್ಳುತ್ತಾನೆ. ಮಿಕ್ಕದ್ದು ನೋಡಿ.

ಸೂಪರ್ 131 ಎಪಿಸೋಡ್, 2015ರಿಂದ 2018. ಇದರ ಮೊದಲ 27 ಎಪಿಸೋಡ್ 2013 ಮತ್ತು 2015ರ ಎರಡು ಸಿನಿಮಾಗಳ ಕತೆಯನ್ನೇ ಮತ್ತೆ ಹೇಳುತ್ತವೆ, ಅದೂ ಸಿನಿಮಾದಷ್ಟು ಚೆನ್ನಾಗಿ ಅಲ್ಲ. ಐದನೇ ಎಪಿಸೋಡಿನ ಚಿತ್ರಗಳು ಎಷ್ಟು ಕೆಟ್ಟದಾಗಿದ್ದವು ಎಂದರೆ ಲೋಕವೆಲ್ಲ ನಕ್ಕಿತು. ಹಾಗಾಗಿ ಎರಡು ಸಿನಿಮಾ ನೋಡಿ ನೇರ 28ಕ್ಕೆ ಬನ್ನಿ. ಕೊನೆಯ ದೊಡ್ಡ ಪಂದ್ಯ ಕತೆಯ ಪ್ರಕಾರ 48 ನಿಮಿಷದ್ದು, ಟಿವಿಯಲ್ಲಿ 97ರಿಂದ 131ರವರೆಗೆ ನಡೆಯುತ್ತದೆ. ನಾಮೆಕ್ ದಾಟಿ ಬಂದವರಿಗೆ ಇದೇನು ಮಹಾ.

ಸೂಪರ್ ಆದ ಮೇಲೆ 2018ರ ಬ್ರೋಲಿ, 2022ರ ಸೂಪರ್ ಹೀರೋ ಸಿನಿಮಾ. ಎರಡನೆಯದು ಪಿಕೊಲೊ ಮತ್ತು ಗೋಹಾನ್‌ರದೇ ಕತೆ, ಹಳೇ ಸರಣಿಯಿಂದ ಬಂದವರಿಗೆ ಹಬ್ಬ. ಕೊನೆಗೆ ಡೈಮಾ, 20 ಎಪಿಸೋಡ್. ಕತೆ ಸೂಪರ್‌ಗಿಂತ ಹಿಂದಿನದಾದರೂ ಬಂದ ಕ್ರಮದಲ್ಲೇ ನೋಡುವುದು ಒಳ್ಳೆಯದು. ಇದರಲ್ಲಿ ತೊರಿಯಾಮ ಕೈಯಾಡಿಸಿದ್ದರು. 2024ರ ಮಾರ್ಚ್ 1ರಂದು ತೀರಿಕೊಂಡರು, ಇದು ಪ್ರಸಾರವಾದದ್ದು ಆ ಅಕ್ಟೋಬರಿನಲ್ಲಿ.

ಉಳಿದದ್ದು ಜಿಟಿ, 64 ಎಪಿಸೋಡ್. ಮಾಂಗಾ ಮುಗಿದ ಮೇಲೆ ತೋಯೆಯವರೇ ಮುಂದುವರಿಸಿದ್ದು. ಸೂಪರ್ ಕತೆಗೂ ಇದಕ್ಕೂ ಹೊಂದುವುದಿಲ್ಲ, ಬೇಕಾದರೆ ಬೇರೆಯಾಗಿ ನೋಡಿ. ಝಡ್ ಕಾಲದ 13 ಸಿನಿಮಾಗಳೂ ಹಾಗೇ, ಯಾವುದರ ನಡುವೆಯೂ ಕೂರುವುದಿಲ್ಲ. ಹೆಚ್ಚಿನವು ಒಂದು ಗಂಟೆ ಆಜುಬಾಜು. ಕರೆಂಟ್ ಇದ್ದು ಹೊರಗೆ ಮಳೆ ಬರುವ ಭಾನುವಾರ ಒಂದೊಂದು ಹಾಕಿಕೊಳ್ಳಿ, ಹಿಂದುಮುಂದು ಯೋಚಿಸುವುದು ಬೇಡ.