ಆನೆಗೊಂದಿಯ ಬಂಡೆಗಳ ನಡುವೆ, ಕೋಣೆಯ ಕಿಟಕಿಯ ಬಳಿ: ರೂಪದರ್ಶಿಯ ಕಲಾಛಾಯಾಗ್ರಹಣ

ಕಲಾಛಾಯಾಗ್ರಹಣದಲ್ಲಿ ರೂಪದರ್ಶಿ ಸೀರೆಯನ್ನೋ ಒಡವೆಯನ್ನೋ ತೋರಿಸಲು ನಿಲ್ಲುವುದಿಲ್ಲ. ದೇಹದ ರೇಖೆ, ಅದರ ಭಾರ, ಅದರ ಮೇಲೆ ಬೀಳುವ ನೆರಳು ಇವೇ ಅಲ್ಲಿ ಚಿತ್ರದ ವಸ್ತು. ಹಾಗಾಗಿ ದೇಹಕ್ಕೆ ಆಗುವ ಸಣ್ಣ ಕಸಿವಿಸಿಯೂ ಚಿತ್ರದಲ್ಲಿ ಮೂಡಿಬಿಡುತ್ತದೆ. ಕಾದ ಬಂಡೆಯ ಮೇಲೆ ಬರಿಗಾಲಿನಲ್ಲಿ ನಿಂತವರ ಹೆಗಲು ತಾನಾಗಿಯೇ ಬಿಗಿಯುತ್ತದೆ, ಅಂಥ ಹೆಗಲನ್ನು ಯಾವ ಲೆನ್ಸೂ ಸಡಿಲಿಸಲಾರದು. ರೂಪದರ್ಶಿಗೆ ನೆಮ್ಮದಿ ಒದಗಿಸುವುದನ್ನೇ ನಾನು ಈ ಕಸುಬಿನ ಮೊದಲ ಕೆಲಸವೆಂದು ಎಣಿಸುತ್ತೇನೆ.

ಆ ನೆಮ್ಮದಿ ಕ್ಯಾಮೆರಾ ಹೊರಬರುವುದಕ್ಕೆ ಮೊದಲೇ, ಮಾತುಕತೆಯಲ್ಲಿ ಆರಂಭವಾಗುತ್ತದೆ. ರೂಪದರ್ಶಿ 18 ವರ್ಷ ತುಂಬಿದವರಾಗಿರಬೇಕು. ಚಿತ್ರಗಳು ಎಲ್ಲಿ ಪ್ರಕಟವಾಗುತ್ತವೆ, ಎಷ್ಟು ಗಂಟೆಯ ಕೆಲಸ, ಸಂಭಾವನೆ ಎಷ್ಟು, ಯಾವ ಉಡುಪು, ಯಾವ ಭಂಗಿ ಬೇಡ ಎಂಬುದೆಲ್ಲ ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಬರೆದು ಇಬ್ಬರೂ ಸಹಿ ಮಾಡಿದ ಒಪ್ಪಿಗೆ ಪತ್ರವಾಗಿರಬೇಕು. ಅಕ್ಕನೋ ಗೆಳತಿಯೋ ಜೊತೆಗೆ ಬರುತ್ತೇನೆಂದರೆ ಸಂತೋಷದಿಂದ ಬರಮಾಡಿಕೊಳ್ಳಿ. ಸೆರಗಿನ ಮಡಿಕೆ ಸರಿಪಡಿಸಬೇಕಾದಾಗಲೂ ಕೈಯಿಂದ ಮುಟ್ಟದೆ ಬಾಯಿಂದ ಹೇಳಿ, ಇಲ್ಲವೇ ನೀವೇ ನಿಂತು ತೋರಿಸಿ.

ಹೊರಾಂಗಣಕ್ಕೆ ಕೊಪ್ಪಳ ಜಿಲ್ಲೆಯ ಆನೆಗೊಂದಿ, ಸಾಣಾಪುರದ ಸುತ್ತಲಿನ ಬಂಡೆಸಾಲುಗಳಿಗೆ ಸಾಟಿಯಾದ ಜಾಗ ನಮ್ಮ ಸೀಮೆಯಲ್ಲಿ ಕಡಿಮೆ. ದುಂಡಗೆ ಸವೆದ ಆ ಗ್ರಾನೈಟ್ ಬಂಡೆಗಳ ಬಾಗು ಮನುಷ್ಯದೇಹದ ಬಾಗಿಗೆ ಎಷ್ಟು ಹತ್ತಿರವೆಂದರೆ, ಮಂಡಿ ಮಡಚಿ ಕುಳಿತ ಒಬ್ಬರು ದೂರದಿಂದ ಇನ್ನೊಂದು ಬಂಡೆಯಂತೆಯೇ ಕಾಣುತ್ತಾರೆ. ಆದರೆ ಹೊತ್ತನ್ನು ಆರಿಸುವುದರಲ್ಲಿ ನಾನು ಒಮ್ಮೆ ದೊಡ್ಡ ತಪ್ಪು ಮಾಡಿದ್ದೇನೆ. ಸಂಜೆಯ ಹೊಂಬೆಳಕಿನ ಆಸೆಗೆ ಏಪ್ರಿಲ್ ತಿಂಗಳಲ್ಲಿ ಐದೂವರೆಗೆ ಕೆಲಸ ಆರಂಭಿಸಿದೆ. ಬೆಳಕು ಬಲು ಚೆಂದವಿತ್ತು. ಬಂಡೆ ಮಾತ್ರ ದಿನವಿಡೀ ಕುಡಿದ ಬಿಸಿಲನ್ನು ಇನ್ನೂ ಹೊರಗೆ ಬಿಡುತ್ತಲೇ ಇತ್ತು. ಬೆನ್ನಾನಿಸಿದ ರೂಪದರ್ಶಿ ಒಂದು ನಿಮಿಷವೂ ನಿಲ್ಲಲಾರದೆ ಹೋದರು, ಅವರಿಗೆ ಆ ಕಷ್ಟ ಕೊಟ್ಟಿದ್ದಕ್ಕೆ ನನಗೆ ಇಂದಿಗೂ ನೋವಿದೆ. ಅಂದಿನಿಂದ ನಾನು ಬೆಳಗನ್ನೇ ಆರಿಸುತ್ತೇನೆ. ರಾತ್ರಿಯಿಡೀ ತಣಿದ ಬಂಡೆ ಮುಂಜಾನೆ ತಂಪಾಗಿರುತ್ತದೆ, ಬೆಳಕು ಓರೆಯಾಗಿ ಬೀಳುತ್ತದೆ, ಪ್ರವಾಸಿಗರ ಓಡಾಟವೂ ಕಡಿಮೆ. ನವೆಂಬರ್‌ನಿಂದ ಫೆಬ್ರವರಿಯವರೆಗಿನ ತಿಂಗಳುಗಳು ಉತ್ತಮ. ಈ ಸೀಮೆ ಸುಮಾರು 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುಭಾಗದವರೆಗೆ ಮಧ್ಯಾಹ್ನದ ಸೂರ್ಯ ಹೆಚ್ಚು ಕಡಿಮೆ ನಡುನೆತ್ತಿಯಲ್ಲೇ ಇರುತ್ತಾನೆ, ಆಗ ಕಣ್ಣಿನ ಗುಳಿಗಳೆಲ್ಲ ಕಪ್ಪಾಗುತ್ತವೆ. ಜಮಖಾನ, ಕುಡಿಯುವ ನೀರು, ಚಪ್ಪಲಿ, ಬಟ್ಟೆ ಬದಲಿಸಲು ಮರೆಯಾಗುವ ಜಾಗ ಇವಿಲ್ಲದೆ ಹೊರಡಬೇಡಿ. ತುಂಗಭದ್ರೆಯ ಸೆಳವಿಗೆ ಯಾರನ್ನೂ ಇಳಿಸಬೇಡಿ. ಗುಡ್ಡಗಳಲ್ಲಿ ಚಿರತೆ, ಕರಡಿಗಳಿರುವುದರಿಂದ ಕತ್ತಲಾಗುವ ಮೊದಲೇ ಕೆಳಗಿಳಿಯಿರಿ. ಪುರಾತತ್ತ್ವ ಇಲಾಖೆಯ ಸಂರಕ್ಷಿತ ಸ್ಮಾರಕಗಳಲ್ಲಿ ಟ್ರೈಪಾಡ್ ನಿಲ್ಲಿಸಲು, ವೃತ್ತಿಪರ ಚಿತ್ರೀಕರಣ ನಡೆಸಲು ಮುಂಚಿತವಾಗಿ ಅನುಮತಿ ಬೇಕು. ಭಕ್ತರು ಬರುವ ಅಂಜನಾದ್ರಿಯಂಥ ಕಡೆ ಈ ಕೆಲಸವೇ ಸಲ್ಲದು.

ಭಂಗಿಯ ವಿಷಯದಲ್ಲಿ ನಮಗೆ ಗುರುಗಳು ದೇವಾಲಯದ ಗೋಡೆಗಳಲ್ಲೇ ಇದ್ದಾರೆ. ಹೂವಿನಹಡಗಲಿ ತಾಲ್ಲೂಕಿನ ಕುರುವತ್ತಿಯ ಮಲ್ಲಿಕಾರ್ಜುನ ದೇವಾಲಯದ ಮದನಿಕೆಯರನ್ನು ಒಂದು ಗಂಟೆ ನಿಂತು ನೋಡಿದರೆ ದೇಹ ಮೂರು ಕಡೆ ಬಾಗುವ ತ್ರಿಭಂಗಿಯ ಗುಟ್ಟು ತಿಳಿಯುತ್ತದೆ: ಮೈಭಾರ ಒಂದೇ ಕಾಲಿನ ಮೇಲೆ ಬಿದ್ದರೆ ಆ ಕಡೆಯ ಸೊಂಟ ಮೇಲೇರುತ್ತದೆ, ಅದೇ ಕಡೆಯ ಹೆಗಲು ಕೆಳಗಿಳಿಯುತ್ತದೆ, ಕುತ್ತಿಗೆ ಮತ್ತೆ ತಿರುಗಿ ತೂಗಿಸಿಕೊಳ್ಳುತ್ತದೆ. ರೂಪದರ್ಶಿಗೆ ‘ಹೀಗೆ ಬಾಗಿ’ ಎನ್ನುವುದಕ್ಕಿಂತ ‘ಭಾರವನ್ನು ಎಡಗಾಲಿಗೆ ಬಿಡಿ’ ಎಂದರೆ ಉಳಿದದ್ದು ಸಹಜವಾಗಿ ಒದಗುತ್ತದೆ. ಪೂರ್ಣದೇಹದ ಚಿತ್ರಕ್ಕೆ ಕ್ಯಾಮೆರಾ ಸೊಂಟದ ಎತ್ತರದಲ್ಲಿರಲಿ. ಕಣ್ಣಿನ ಎತ್ತರದಿಂದ ತೆಗೆದರೆ ಕಾಲುಗಳು ಮೊಟಕಾಗಿ ಕಾಣುತ್ತವೆ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ (ಹಳೆಯ ಫಿಲ್ಮ್ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರಿನದು) 50ರಿಂದ 85 ಮಿಲಿಮೀಟರ್ ಲೆನ್ಸ್ ಸಾಕು. 24 ಮಿಲಿಮೀಟರ್ ಲೆನ್ಸ್ ಹಿಡಿದು ಹತ್ತಿರ ಹೋದರೆ ಮುಂದೆ ಚಾಚಿದ ಕೈ ಊದಿಕೊಂಡಂತೆ ಕಾಣುತ್ತದೆ.

ನಮ್ಮವರ ಮೈಬಣ್ಣದ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಕ್ಯಾಮೆರಾದ ಬೆಳಕಳೆಯುವ ಮೀಟರ್ ಎದುರಿಗಿರುವುದನ್ನೆಲ್ಲ ನಡುಬೂದು ಬಣ್ಣಕ್ಕೆ ಎಳೆಯುತ್ತದೆ. ಬಿಸಿಲು ಬಿದ್ದ ತಿಳಿಬಂಡೆ ಫ್ರೇಮಿನ ತುಂಬ ಇದ್ದರೆ ಅದು ಚಿತ್ರವನ್ನು ಕಪ್ಪಾಗಿಸಿ ಮುಖವನ್ನು ಮುಳುಗಿಸುತ್ತದೆ. ಕೋಣೆಯೊಳಗೆ ಕಪ್ಪು ಪರದೆಯ ಮುಂದಾದರೆ ಇದಕ್ಕೆ ತದ್ವಿರುದ್ಧವಾಗಿ ಕಂದು ಮೈಯನ್ನು ಬಿಳಿಚಿಸುತ್ತದೆ. ಎರಡೂ ಕಡೆ, ಒಂದು ಸಣ್ಣ ಜಾಗದ ಬೆಳಕನ್ನಷ್ಟೇ ಅಳೆಯುವ ಸ್ಪಾಟ್ ಮೀಟರನ್ನು ಕೆನ್ನೆಯ ಮೇಲಿಟ್ಟು ಅಳೆಯಿರಿ, ದಟ್ಟ ಕಂದು ಬಣ್ಣವಾದರೆ ಅಳತೆಗಿಂತ ಬೆಳಕನ್ನು ಅರ್ಧದಿಂದ ಒಂದು ಸ್ಟಾಪ್ ಕಡಿಮೆ ಮಾಡಿ (ಒಂದು ಸ್ಟಾಪ್ ಇಳಿಸಿದರೆ ಬೆಳಕು ಅರ್ಧವಾಗುತ್ತದೆ), ಕ್ಯಾಮೆರಾ ಕಂಡದ್ದನ್ನು ಸಂಸ್ಕರಿಸದೆ ಇಡುವ ರಾ ಕಡತದಲ್ಲಿ ಉಳಿಸಿ. ಆಮೇಲೆ ಕಂಪ್ಯೂಟರಿನಲ್ಲಿ ಮೈಬಣ್ಣವನ್ನು ತಿಳಿಗೊಳಿಸುವ ಅಭ್ಯಾಸವನ್ನು ದಯವಿಟ್ಟು ಬಿಡಿ. ಆ ಬಣ್ಣ ಅವರದು.

ಸ್ಟುಡಿಯೋ ಎಂದರೆ ದೊಡ್ಡ ಸಭಾಂಗಣವೇ ಬೇಕಿಲ್ಲ. ಹತ್ತಡಿ ಅಗಲ, ಹದಿನೈದಡಿ ಉದ್ದದ ಕೋಣೆ ಸಾಲುತ್ತದೆ. ಉತ್ತರದ ಕಿಟಕಿಗೆ ಬಿಳಿ ಪಂಚೆಯೊಂದನ್ನು ಕಟ್ಟಿದರೆ ವರ್ಷದ ಬಹುಭಾಗ ಮೆತ್ತನೆಯ, ಸ್ಥಿರವಾದ ಬೆಳಕು ದೊರೆಯುತ್ತದೆ. ಫ್ಲಾಶ್ ಬಳಸುವುದಾದರೆ ಒಂದೇ ದೀಪದಿಂದ ಕಲಿಯಿರಿ: ದೀಪದ ಬೆಳಕನ್ನು ಮೆತ್ತಗಾಗಿಸುವ 90 ಸೆಂಟಿಮೀಟರಿನ ಬಟ್ಟೆಯ ಪೆಟ್ಟಿಗೆ, ಅಂದರೆ ಸಾಫ್ಟ್‌ಬಾಕ್ಸನ್ನು ಒಂದು ಪಕ್ಕದಲ್ಲಿ, ತಲೆಗಿಂತ ಸ್ವಲ್ಪ ಮೇಲೆ ಇಟ್ಟು, ಐಎಸ್ಒ (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಪ್ರಮಾಣ) 100, ಲೆನ್ಸಿನ ಕಿಂಡಿ ಎಫ್/8, ಷಟರ್ ತೆರೆದಿರುವ ಹೊತ್ತು ಸೆಕೆಂಡಿನ 1/125 ಭಾಗದಿಂದ ಆರಂಭಿಸಿ. ದೀಪವನ್ನು ಒಂದು ಮೀಟರಿನಿಂದ ಎರಡು ಮೀಟರಿಗೆ ಸರಿಸಿದರೆ ಬೆಳಕು ನಾಲ್ಕನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಈ ಕಾರಣಕ್ಕೇ ದೀಪ ಹತ್ತಿರವಿದ್ದಾಗ ಎದೆಯಿಂದ ಪಾದದವರೆಗೆ ನೆರಳು ಬೇಗ ಗಾಢವಾಗುತ್ತದೆ, ಹಿಂದಿನ ಗೋಡೆಯೂ ಕತ್ತಲಿಗೆ ಸರಿಯುತ್ತದೆ. ಎದುರು ಪಕ್ಕಕ್ಕೆ ಥರ್ಮೋಕೋಲ್ ಹಲಗೆ ಹಿಡಿದರೆ ನೆರಳು ತಿಳಿಯಾಗುತ್ತದೆ, ಕರಿಕಂಬಳಿ ಹಿಡಿದರೆ ದೇಹದ ಅಂಚು ಇನ್ನೂ ಚೂಪಾಗುತ್ತದೆ. ದಟ್ಟ ಮೈಬಣ್ಣದ ಮೇಲೆ ಆಕಾರವನ್ನು ತೋರಿಸುವುದು ಬಹುಮಟ್ಟಿಗೆ ಹೊಳಪು. ಅವರು ಒಪ್ಪಿದರೆ ಹೆಗಲಿಗೂ ತೋಳಿಗೂ ತೆಳುವಾಗಿ ಕೊಬ್ಬರಿ ಎಣ್ಣೆ ಸವರಿಕೊಳ್ಳಲು ಹೇಳಿ, ಮೂಳೆಯ ಏರಿಳಿತವೆಲ್ಲ ಗೆರೆ ಎಳೆದಂತೆ ಎದ್ದು ಕಾಣುತ್ತದೆ.

ಒಂದು ಕಠಿಣ ಭಂಗಿಯನ್ನು ಎರಡು ನಿಮಿಷಕ್ಕಿಂತ ಹೆಚ್ಚು ಹಿಡಿಸಬೇಡಿ, ಇಪ್ಪತ್ತು ನಿಮಿಷಕ್ಕೊಮ್ಮೆ ಐದು ನಿಮಿಷ ಬಿಡುವು ಕೊಡಿ. ಆ ಬಿಡುವಿನಲ್ಲಿ ತೆಗೆದ ಚಿತ್ರಗಳನ್ನು ಅವರಿಗೆ ತೋರಿಸಿ. ಬೇಡವೆಂದು ಅವರು ಬೊಟ್ಟು ಮಾಡಿದವನ್ನು, ಬೆಳಕು ಎಷ್ಟೇ ಚೆನ್ನಾಗಿ ಬಂದಿದ್ದರೂ, ನಾನು ಅವರ ಕಣ್ಣೆದುರೇ ಅಳಿಸಿ ಮುಂದಿನ ಭಂಗಿಗೆ ಹೋಗುತ್ತೇನೆ.